ಠಾಣೆಯ ಬಾಗಿಲಲ್ಲಿ ನಮ್ಮ ಕೆಲಸವೇನು?

(ಹೊಳೆನರಸೀಪುರದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳು)



ಇವತ್ತಿನ ವಿಷಯ ‘ಪೊಲೀಸರ ಕೆಲಸಕ್ಕೆ ನಾಗರಿಕರ ನೆರವು’ ಎಂದು ಹೇಳಿದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕಿರಿ. ಆ ನಗುವಿನ ಅರ್ಥ ನನಗೆ ಗೊತ್ತು. ಪೊಲೀಸರು ನಮಗೆ ನೆರವಾಗಬೇಕು, ನಾವು ಅವರಿಗೆ ಏನು ನೆರವು ಕೊಡುವುದು ಎಂದು ತಾನೆ? ನಾನು ವಕೀಲೆಯಲ್ಲ, ಇಲಾಖೆಯವಳೂ ಅಲ್ಲ. ನಿಮ್ಮ ಹಾಗೆಯೇ ಸಂಘದಲ್ಲಿ ಉಳಿತಾಯ ಕಟ್ಟುವವಳು. ನೊಂದ ಹೆಂಗಸರ ಜೊತೆ ಠಾಣೆ, ಆಸ್ಪತ್ರೆ, ಕೋರ್ಟು ಎಂದು ಅಲೆದು ಕಲಿತದ್ದನ್ನಷ್ಟೇ ನಿಮ್ಮ ಮುಂದೆ ಇಡುತ್ತೇನೆ.

ಪೊಲೀಸರ ಜೊತೆ ನಾಗರಿಕರು ಕೈಜೋಡಿಸುವುದು ಹೊಸದೇನಲ್ಲ. ಹಾಸನಾಂಬೆಯ ದರ್ಶನದ ದಿನಗಳಲ್ಲಿ, ಚುನಾವಣೆಯಲ್ಲಿ ಖಾಕಿ ತೊಟ್ಟು ನಿಲ್ಲುವ ಗೃಹರಕ್ಷಕ ದಳದವರು ಸ್ವಯಂಸೇವಕರೇ. 1962ರ ಕಾಯ್ದೆಯಿಂದ ಆ ದಳಕ್ಕೆ ಆಧಾರವಿದೆ. 2017ರಲ್ಲಿ ನಮ್ಮ ರಾಜ್ಯದ ಪೊಲೀಸ್ ಇಲಾಖೆ ಸುಧಾರಿತ ಬೀಟ್ ವ್ಯವಸ್ಥೆ ತಂದಿತು. ಠಾಣೆಯ ಸರಹದ್ದನ್ನು ಸಣ್ಣ ಸಣ್ಣ ಬೀಟುಗಳಾಗಿ ಹಂಚಿ, ಒಂದೊಂದನ್ನು ಒಬ್ಬೊಬ್ಬ ಸಿಬ್ಬಂದಿಗೆ ವಹಿಸಿ, ಊರಿನ ನಾಗರಿಕರನ್ನೂ ಸದಸ್ಯರನ್ನಾಗಿ ಸೇರಿಸಿಕೊಳ್ಳುವ ಏರ್ಪಾಡು ಅದು. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಕಾರ್ಯಕ್ರಮವೂ ಶುರುವಾಯಿತು. ಬೀಟಿನವರು ಮನೆಬಾಗಿಲಿಗೇ ಬಂದು ಕಷ್ಟಸುಖ ಕೇಳಬೇಕು ಎಂಬುದು ಅದರ ಉದ್ದೇಶ.

ಒಳ್ಳೆಯದೇ. ಆದರೆ ಬೀಟಿನವರು ಬಾಗಿಲು ತಟ್ಟಿದಾಗ ಜಗಲಿಯ ಮೇಲೆ ಕೂತು ಉತ್ತರ ಹೇಳುವವರು ಯಾರು? ಮನೆಯ ಯಜಮಾನ. ‘ಏನೂ ತೊಂದರೆ ಇಲ್ಲ ಸಾರ್’ ಎನ್ನುತ್ತಾನೆ. ಒಳಗೆ ಒಲೆಯ ಮುಂದೆ ಊದಿದ ಕೆನ್ನೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡವಳನ್ನು ಯಾರೂ ಕೇಳುವುದಿಲ್ಲ. ಬೀಟ್ ಸಭೆಗೆ ಹೋಗುವವರು ಯಾರೆಂದು ನಿಮ್ಮ ನಿಮ್ಮ ಊರಿನಲ್ಲಿ ಎಣಿಸಿ ನೋಡಿ. ಕಳ್ಳತನ, ಇಸ್ಪೀಟು, ಗಣಪತಿ ಮೆರವಣಿಗೆ ಇವೆಲ್ಲ ಚರ್ಚೆಯಾಗುತ್ತವೆ. ಹೆಂಡತಿಗೆ ಹೊಡೆಯುವುದು ಮಾತ್ರ ‘ಮನೆ ವಿಚಾರ’ವಾಗಿ ಉಳಿದುಬಿಡುತ್ತದೆ. ಅಲ್ಲಿಂದಲೇ ನಮ್ಮ ಕೆಲಸ ಶುರು. ಆ ಕೆಲಸವನ್ನು ನಾನು ಮೂರು ಮಾತಿನಲ್ಲಿ ಹೇಳುತ್ತೇನೆ: ಜೊತೆ ಹೋಗುವುದು, ಬರೆಸುವುದು, ಸಾಕ್ಷಿಯಾಗಿ ನಿಲ್ಲುವುದು. ನಾವು ಮಾಡಬಾರದ ಕೆಲಸವೂ ಒಂದಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಜೊತೆ ಹೋಗುವ ಮಾತು. ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದರೆ 112ಕ್ಕೆ ಫೋನ್ ಮಾಡಲು ಯಾರ ಅಪ್ಪಣೆಯೂ ಬೇಡ. ಮಹಿಳಾ ಸಹಾಯವಾಣಿ 181. ಅದಾದ ಮೇಲೆ ಕಾನೂನಿನ ಒಂದು ಸೂಕ್ಷ್ಮ ತಿಳಿದಿರಬೇಕು. ಗಂಡ ಮತ್ತು ಅವನ ಕಡೆಯವರ ಕ್ರೌರ್ಯಕ್ಕೆ 1983ರಲ್ಲಿ ಬಂದ 498ಎ ಕಲಂ ಈಗ, 2024ರ ಜುಲೈ 1ರಿಂದ, ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. ಈ ಅಪರಾಧದಲ್ಲಿ ಪೊಲೀಸರು ತಾವಾಗಿ ಕ್ರಮ ಕೈಗೊಳ್ಳಬೇಕಾದರೆ ದೂರು ನೊಂದವಳಿಂದ ಅಥವಾ ಅವಳ ರಕ್ತಸಂಬಂಧಿ, ನೆಂಟರಿಂದ ಬರಬೇಕು. ಪಕ್ಕದ ಮನೆಯ ನಾವು ದೂರುದಾರರಾಗಲು ಆಗುವುದಿಲ್ಲ. ಠಾಣೆಯಲ್ಲಿ ‘ನೀನ್ಯಾರಮ್ಮ ಕೇಳೋಕೆ?’ ಎಂದು ನಮ್ಮನ್ನು ಹೊರಗೆ ಕೂರಿಸುವುದು ಈ ಕಾರಣದಿಂದಲೇ.

ಹಾಗಾದರೆ ನಮ್ಮ ಕೈ ಕಟ್ಟಿದೆಯೇ? ಇಲ್ಲ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 4ನೇ ಕಲಂ ನಮಗಾಗಿಯೇ ಬರೆದಂತಿದೆ. ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಲಿದೆ ಎಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ಸಂರಕ್ಷಣಾಧಿಕಾರಿ ಯಾರೆಂದು ತಾಲ್ಲೂಕಿನ ಸಿಡಿಪಿಒ ಕಚೇರಿಯಲ್ಲಿ, ಅಂದರೆ ನಮ್ಮ ಅಂಗನವಾಡಿಗಳನ್ನು ನೋಡಿಕೊಳ್ಳುವ ಕಚೇರಿಯಲ್ಲೇ ಕೇಳಿ. ಅದೇ ಕಾಯ್ದೆಯ 5ನೇ ಕಲಂ ಪ್ರಕಾರ, ಈ ಅಧಿಕಾರಿ ಇದ್ದಾರೆ, ಉಚಿತ ಕಾನೂನು ನೆರವಿದೆ, ಕ್ರೌರ್ಯದ ದೂರನ್ನೂ ಕೊಡಬಹುದು ಎಂದು ಪೊಲೀಸರೇ ಹೆಂಗಸಿಗೆ ತಿಳಿಸಬೇಕು. ಒಬ್ಬರು ಪಕ್ಕದಲ್ಲಿ ಕೂತು ‘ಸಾರ್, ಅದನ್ನೂ ಹೇಳಿಬಿಡಿ’ ಎಂದರೆ ಕೆಲಸ ಸಲೀಸಾಗುತ್ತದೆ. ಕಾನೂನು ನೆರವಿಗೆ ಹೆಂಗಸರ ಆದಾಯ ನೋಡುವುದಿಲ್ಲ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಎರಡನೆಯದು ಬರೆಸುವುದು. ಠಾಣೆಗೆ ಬಂದ ಹೆಂಗಸು ಅಳುತ್ತಾಳೆ. ಅತ್ತೆಯ ಬೈಗುಳದಿಂದ ಶುರುಮಾಡಿ ತವರಿನ ಸಾಲದವರೆಗೆ ಹೇಳುತ್ತಾಳೆ. ರೈಟರ್ ನಾಲ್ಕು ಸಾಲು ಬರೆದು ಹೆಬ್ಬೆಟ್ಟು ಕೇಳುತ್ತಾರೆ. ಆ ನಾಲ್ಕು ಸಾಲಿನಲ್ಲಿ ‘ಐವತ್ತು ಸಾವಿರ ತಾ ಎಂದರು’ ಎಂಬುದು ಬಿಟ್ಟುಹೋದರೆ ವರದಕ್ಷಿಣೆಯ ಕೇಸು ಅಲ್ಲಿಗೇ ಸತ್ತಂತೆ. ಆದ್ದರಿಂದ ಹೊರಡುವ ಮೊದಲೇ ಸಂಘದ ಹುಡುಗಿಯೊಬ್ಬಳು ಬಿಳಿ ಹಾಳೆಯಲ್ಲಿ ಬರೆದುಕೊಳ್ಳಲಿ: ಯಾವ ದಿನ, ಎಷ್ಟು ಹೊತ್ತಿಗೆ, ಯಾರು, ಯಾವುದರಿಂದ ಹೊಡೆದರು, ಏನು ಕೇಳಿದರು, ಯಾರು ನೋಡಿದರು. ಗಾಯವಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ‘ಬಿದ್ದೆ’ ಎಂದು ಬರೆಸಬೇಡಿ. ಗಂಡನೇ ಪಕ್ಕದಲ್ಲಿ ನಿಂತು ಹಾಗೆ ಬರೆಸುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ವೈದ್ಯರ ಹತ್ತಿರ ಅವಳೊಬ್ಬಳೇ ಮಾತಾಡಲಿ ಎಂದು ಕೇಳುವ ಧೈರ್ಯ ನಮಗಿರಬೇಕು.

ಎಫ್‌ಐಆರ್ ಆದ ಕೂಡಲೇ ಅದರ ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು. ಗಂಡನ ಮನೆ ಅರಕಲಗೂಡಿನಲ್ಲಿದ್ದು ಅವಳು ಚನ್ನರಾಯಪಟ್ಟಣದ ತವರಿಗೆ ಬಂದಿದ್ದರೂ ‘ನಮ್ಮ ಸರಹದ್ದಲ್ಲ’ ಎಂದು ವಾಪಸು ಕಳಿಸುವಂತಿಲ್ಲ. ಬರೆದುಕೊಂಡು ಆಮೇಲೆ ವರ್ಗಾಯಿಸಬೇಕು. ಇಂಥ ಕೇಸಿನಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು ಪ್ರಾಥಮಿಕ ವಿಚಾರಣೆ ಮಾಡಬಹುದು, ಆದರೆ ಅದು 14 ದಿನದೊಳಗೆ ಮುಗಿಯಬೇಕು. ತಿಂಗಳುಗಟ್ಟಲೆ ‘ನಾಳೆ ಬಾ’ ಎನ್ನಲು ಕಾನೂನಿನಲ್ಲಿ ಜಾಗವಿಲ್ಲ. ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಇದನ್ನು ಪೊಲೀಸರ ವಿರುದ್ಧದ ಕೆಲಸ ಎಂದುಕೊಳ್ಳಬೇಡಿ. ಹಗಲೂ ರಾತ್ರಿ ಬಂದೋಬಸ್ತಿನಲ್ಲಿ ಸವೆಯುವ ಪೇದೆಗೂ, ಮಹಿಳಾ ಸಿಬ್ಬಂದಿಗೂ ದಿನಾಂಕ, ಹೆಸರು ಎಲ್ಲ ಇರುವ ಒಂದು ಸರಿಯಾದ ದೂರು ಸಿಕ್ಕರೆ ತನಿಖೆ ಅರ್ಧ ಹಗುರವಾಗುತ್ತದೆ.

ಮೂರನೆಯದು ಸಾಕ್ಷಿ. ಇಲ್ಲಿ ನೀವು ಗಮನವಿಟ್ಟು ಕೇಳಬೇಕು. ಹೆಣ್ಣುಮಗಳೊಬ್ಬಳು ಅನುಮಾನಾಸ್ಪದವಾಗಿ ಸತ್ತರೆ ಪೊಲೀಸರು ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥ ನಿವಾಸಿಗಳ ಮುಂದೆ ಶವಪಂಚನಾಮೆ ಮಾಡಬೇಕು ಎನ್ನುತ್ತದೆ ಕಾನೂನು. ಆ ಪಂಚರೇ ಪೊಲೀಸರಿಗೆ ನೆರವಾಗುವ ಅತಿ ಹಳೆಯ ನಾಗರಿಕ ಸ್ವಯಂಸೇವಕರು. ಗೌರವಸ್ಥ ಎಂದರೆ ಗಂಡಸು ಎಂದು ಕಾನೂನು ಎಲ್ಲೂ ಹೇಳಿಲ್ಲ. ಆದರೂ ನಾನು ಕಂಡ ಪಂಚನಾಮೆಗಳಲ್ಲಿ ಸಹಿ ಹಾಕಿದವರೆಲ್ಲ ಗಂಡಸರೇ, ಹೆಚ್ಚಾಗಿ ಗಂಡನ ಮನೆಯ ಓಣಿಯವರೇ.

ಒಂದು ಊರಿನ ಸಂಗತಿ ಹೇಳುತ್ತೇನೆ. ಹೆಸರು ಬೇಡ. ಮದುವೆಯಾಗಿ ಮೂರು ವರ್ಷದ ಹುಡುಗಿ. ಎರಡು ಸಲ ಠಾಣೆಗೆ ಹೋಗಿದ್ದಳು. ಎರಡು ಸಲವೂ ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಕೇಳಿಸಿ, ಗಂಡನಿಂದ ಮುಚ್ಚಳಿಕೆ ಬರೆಸಿಕೊಂಡು ಜೊತೆಗೇ ಕಳಿಸಿದ್ದರು. ಮೂರನೆಯ ಸಲ ಅವಳು ಠಾಣೆಗೆ ಹೋಗಲಿಲ್ಲ, ಬಾವಿಯಲ್ಲಿ ಸಿಕ್ಕಳು. ಕಾಗದದ ಮೇಲೆ ಬಂದದ್ದು ನಾವೆಲ್ಲ ಪತ್ರಿಕೆಯಲ್ಲಿ ಓದಿ ಓದಿ ಬಾಯಿಪಾಠವಾದ ಸಾಲು: ‘ಹೊಟ್ಟೆನೋವು ತಾಳಲಾರದೆ’. ಬೆನ್ನಿನ ಮೇಲಿನ ಬಾಸುಂಡೆಯನ್ನು ಕಂಡವರು ಶವಕ್ಕೆ ನೀರು ಹಾಕಿದ ಹೆಂಗಸರು. ಅವರನ್ನು ಯಾರೂ ಕೇಳಲಿಲ್ಲ. ಅವರಾಗಿ ಹೇಳಲೂ ಇಲ್ಲ. ಅಷ್ಟು ಹೊತ್ತಿಗೆ ಪಂಚನಾಮೆಗೆ ಸಹಿ ಬಿದ್ದಾಗಿತ್ತು.

ಬೆಂಗಳೂರಿನಲ್ಲಿ 1979ರಲ್ಲಿ ಹುಟ್ಟಿದ ವಿಮೋಚನಾ ಸಂಘಟನೆಯ ಗೆಳತಿಯರು ಸುಟ್ಟಗಾಯದ ವಾರ್ಡಿನಲ್ಲಿ ಹೆಂಗಸರ ಪಕ್ಕ ಕೂತು ಇದನ್ನೇ ಎತ್ತಿ ತೋರಿಸಿದರು. ‘ಸ್ಟೋವ್ ಸಿಡಿದು’ ಎಂದು ಆಕಸ್ಮಿಕದ ಲೆಕ್ಕಕ್ಕೆ ಸೇರಿಹೋಗುತ್ತಿದ್ದ ಸಾವುಗಳ ಹಿಂದೆ ವರದಕ್ಷಿಣೆಯ ಕಿರುಕುಳವಿದೆ ಎಂದು ಒಂದೊಂದೇ ಕೇಸು ಹಿಡಿದು ಕೇಳಿದರು. ಮುಂದೆ 1999ರಲ್ಲಿ ಬೆಂಗಳೂರು ನಗರ ಪೊಲೀಸ್ ಕಮಿಷನರ್ ಕಚೇರಿಯಲ್ಲೇ ವನಿತಾ ಸಹಾಯವಾಣಿ ಶುರುವಾಯಿತು. ಹೊರಗಿನ ಹೆಂಗಸರು ಇಲಾಖೆಯ ಒಳಗೆ ಕೂತು ನೊಂದವರ ಮಾತು ಕೇಳಲು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ.

ನೀವು ನೆನಪಿಡಬೇಕಾದದ್ದು ಇಷ್ಟು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಆತ್ಮಹತ್ಯೆ ಮಾಡಿಕೊಂಡರೆ, ಅಥವಾ ಅನುಮಾನ ಬರುವಂತೆ ಸತ್ತರೆ, ಶವತನಿಖೆಯನ್ನು ಮ್ಯಾಜಿಸ್ಟ್ರೇಟರು ನಡೆಸಬೇಕು. ಸಾಮಾನ್ಯವಾಗಿ ತಹಸೀಲ್ದಾರರು ಬರುತ್ತಾರೆ. ಶವಪರೀಕ್ಷೆ ಆಗಲೇಬೇಕು. ತಹಸೀಲ್ದಾರರು ಬರುವ ತನಕ ಶವ ಎತ್ತಲು ಅವಸರ ಮಾಡುವವರನ್ನು ತಡೆದು ನಿಲ್ಲಿ. ಪಂಚರ ಸಾಲಿನಲ್ಲಿ ಸಂಘದ ಇಬ್ಬರು ಹೆಂಗಸರೂ ಇರಲಿ ಎಂದು ಕೇಳಿ. ಕಂಡದ್ದನ್ನು ಬರೆಸಿ, ಓದಿಸಿಕೊಂಡು ಆಮೇಲೆ ಸಹಿ ಮಾಡಿ. ಸಾಕ್ಷಿ ಹೇಳಿದರೆ ಠಾಣೆಗೆ ಅಲೆದಾಡಬೇಕಲ್ಲ ಎಂಬ ಹೆದರಿಕೆಯೂ ಬೇಡ. ಹೆಂಗಸರನ್ನು ತನಿಖೆಗೆಂದು ಠಾಣೆಗೆ ಬಾ ಎಂದು ಬಲವಂತ ಮಾಡುವಂತಿಲ್ಲ, ಪೊಲೀಸರೇ ನಿಮ್ಮ ಮನೆಗೆ ಬಂದು ಹೇಳಿಕೆ ಪಡೆಯಬೇಕು. ಬದುಕಿದ್ದಾಗ ಅವಳಿಗೆ ವರದಕ್ಷಿಣೆಗಾಗಿ ಕೊಟ್ಟ ಹಿಂಸೆಯನ್ನು ಹೇಳುವವರಿದ್ದರೆ ಮಾತ್ರ ವರದಕ್ಷಿಣೆ ಸಾವಿನ ಕಲಂ ನಿಲ್ಲುತ್ತದೆ. ಆ ಕಲಮಿನ ಶಿಕ್ಷೆ ಕನಿಷ್ಠ ಏಳು ವರ್ಷ.

ಇನ್ನು ಮಾಡಬಾರದ ಕೆಲಸ. ಅದು ರಾಜಿ ಪಂಚಾಯಿತಿ. ಠಾಣೆಗೆ ಹತ್ತಿರವಾದ ಸ್ವಯಂಸೇವಕರಿಗೆ ತಾವೇ ನ್ಯಾಯ ಹೇಳುವ ಆಸೆ ಹುಟ್ಟುತ್ತದೆ. ‘ಅಕ್ಕ, ನೀವೇ ಇಬ್ಬರಿಗೂ ಬುದ್ಧಿ ಹೇಳಿ ಕಳಿಸಿಬಿಡಿ’ ಎಂದು ಸಾಹೇಬರೂ ಹೇಳುತ್ತಾರೆ. 2017ರಲ್ಲಿ ಸುಪ್ರೀಂ ಕೋರ್ಟೇ ಜಿಲ್ಲೆ ಜಿಲ್ಲೆಯಲ್ಲಿ ನಾಗರಿಕರ ಕುಟುಂಬ ಕಲ್ಯಾಣ ಸಮಿತಿ ಮಾಡಿ, 498ಎ ದೂರನ್ನು ಮೊದಲು ಅವರೇ ನೋಡಲಿ ಎಂದಿತ್ತು. ಮಹಿಳಾ ಸಂಘಟನೆಗಳು ವಿರೋಧಿಸಿದವು. 2018ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟು, ಇಂಥ ಸಮಿತಿಗಳಿಗೆ ಕಾನೂನಿನಲ್ಲಿ ಜಾಗವಿಲ್ಲ ಎಂದು ಆ ಸೂಚನೆಯನ್ನು ತೆಗೆದುಹಾಕಿತು. ಮತ್ತೆ 2022ರಲ್ಲಿ ಅಲಹಾಬಾದ್ ಹೈಕೋರ್ಟ್ ಅಂಥದೇ ಸಮಿತಿಗಳ ಮಾರ್ಗಸೂಚಿ ಕೊಟ್ಟಿತು; 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅವು ಜಾರಿಯಲ್ಲಿರಲಿ ಎಂದಿತು. ಕೋರ್ಟುಗಳ ಮಾತು ಹೀಗೆ ಅತ್ತಿತ್ತ ಹೋಗುತ್ತಿರುವಾಗ ನಮ್ಮ ನಿಲುವು ಗಟ್ಟಿಯಾಗಿರಬೇಕು. ಹೊಡೆಸಿಕೊಂಡವಳು ಕಾನೂನಿನ ಬಾಗಿಲಿಗೆ ಬಂದಾಗ ನಾವು ಅವಳ ಪಕ್ಕದಲ್ಲಿರಬೇಕು, ಬಾಗಿಲಿಗೆ ಅಡ್ಡವಾಗಿ ಅಲ್ಲ. ಬಾಳುತ್ತೇನೆ ಎನ್ನುವುದೂ ಬಿಡುತ್ತೇನೆ ಎನ್ನುವುದೂ ಅವಳ ತೀರ್ಮಾನ. ಹೆದರಿಕೆಯಿಲ್ಲದೆ ಅದನ್ನು ಹೇಳುವ ಜಾಗ ಅವಳಿಗೆ ಸಿಗುವಂತೆ ನೋಡಿಕೊಳ್ಳುವುದಷ್ಟೇ ನಮ್ಮದು.

ಗುಟ್ಟು ಕಾಯುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. 2024ರಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಮಾನ ಊರೂರಿನ ಮೊಬೈಲುಗಳಲ್ಲಿ ಹರಾಜಾದದ್ದನ್ನು ನಾವು ಕಣ್ಣಾರೆ ಕಂಡೆವು. ಆ ವರ್ಷದ ಮೇ 30ರಂದು ರಾಜ್ಯದ ಮೂಲೆಮೂಲೆಯಿಂದ ಸಂಘಟನೆಗಳು ಹಾಸನಕ್ಕೆ ಬಂದು ಮೆರವಣಿಗೆ ಮಾಡಿದವು. ದೂರು ಕೊಡುವವರ ಹಿಂದೆ ಜನ ಇದ್ದಾರೆ ಎಂದು ತೋರಿಸಿದವು. ಒಂದು ಕಡೆ ವಿಡಿಯೋ ಹಂಚಿದ ಕೈಗಳು, ಇನ್ನೊಂದು ಕಡೆ ಕೈ ಹಿಡಿದು ನಡೆದವರು. ಸ್ವಯಂಸೇವಕಿ ಯಾವ ಕಡೆಯವಳು ಎಂಬುದರಲ್ಲಿ ಅನುಮಾನ ಬೇಡ. ನೊಂದವಳು ಹೇಳಿದ್ದು ಸಂಘದ ಸಭೆಯಲ್ಲೂ, ವಾಟ್ಸಾಪ್ ಗುಂಪಿನಲ್ಲೂ ಬಾಯಿಗೆ ಬರಬಾರದು.

ಕೊನೆಗೆ, ಇವತ್ತೇ ಮಾಡಬಹುದಾದ ನಾಲ್ಕು ಕೆಲಸ. ಒಂದು, ಪ್ರತಿ ಸಂಘವೂ ಇಬ್ಬರನ್ನು ಆರಿಸಲಿ. ಒಬ್ಬಳಿಗೆ ಓದುಬರಹ ಚೆನ್ನಾಗಿರಲಿ, ಇನ್ನೊಬ್ಬಳಿಗೆ ಧೈರ್ಯವಿರಲಿ. ಅವರ ಹೆಸರನ್ನು ಬೀಟ್ ಸಿಬ್ಬಂದಿಗೆ ಕೊಟ್ಟು, ಬೀಟ್ ಸಭೆಗೆ ಅವರನ್ನೂ ಕರೆಯಬೇಕೆಂದು ಅರ್ಜಿ ಬರೆಯಿರಿ. ಎರಡು, ಬೀಟಿನವರು ಮನೆಗೆ ಬಂದಾಗ ಮನೆಯ ಹೆಂಗಸರನ್ನು ಬೇರೆಯಾಗಿ ಮಾತಾಡಿಸಲಿ ಎಂದು ಕೇಳಿ. ಮೂರು, ಸಂಘದ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ 112, 181, 15100, ಸಿಡಿಪಿಒ ಕಚೇರಿ ಮತ್ತು ಠಾಣೆಯ ನಂಬರು ಬರೆದಿಡಿ. ನಾಲ್ಕು, ರಾಮನಾಥಪುರದ ಹರಾಜಿನಲ್ಲಿ ಹೊಗೆಸೊಪ್ಪಿನ ದುಡ್ಡು ಬಂತೆಂದರೆ ಮದುವೆಯ ಮಾತೂ ಬರುತ್ತದೆ. ಕೊಡಬೇಡಿ ಎಂದೇ ಹೇಳೋಣ. ಆದರೂ ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿ ಬರೆದು, ಬೆಲೆ ಹಾಕಿ, ಯಾರು ಕೊಟ್ಟರೆಂದು ನಮೂದಿಸಿ, ಹೆಣ್ಣು ಗಂಡಿನ ಸಹಿ ಪಡೆಯಬೇಕೆಂದು 1985ರ ನಿಯಮವೇ ಇದೆ. ಮುಯ್ಯಿ ಬರೆಯುವ ಕಡೆ ಪಕ್ಕದಲ್ಲೊಂದು ಪುಸ್ತಕ ಇಟ್ಟುಕೊಂಡು ನಮ್ಮ ಸಂಘದವಳೊಬ್ಬಳು ಕೂರಲಿ. ನಾಳೆ ಅವಳ ಒಡವೆ ಅವಳಿಗೆ ವಾಪಸು ಬರಬೇಕಾದರೆ ಆ ಪಟ್ಟಿಯೇ ಆಧಾರ.

ಮುಂದಿನ ಸಭೆಗೆ ಬರುವಾಗ ನೀವು ಆರಿಸಿದ ಇಬ್ಬರ ಹೆಸರು ತನ್ನಿ. ಠಾಣೆಯ ಮೆಟ್ಟಿಲು ಹತ್ತಲು ಹೆದರುವವರಿದ್ದರೆ ಮೊದಲ ಸಲ ನಾನು ಜೊತೆಗೆ ಬರುತ್ತೇನೆ.