ಜೋಕಾಲಿಯ ಕೆಳಗಿನ ನೆಲ



ಪಾರ್ಕಿನಲ್ಲಿ ಆಡುತ್ತಿದ್ದ ಮಗು ಬಿದ್ದು ಪೆಟ್ಟು ಮಾಡಿಕೊಂಡರೆ ನಾವು ಮೊದಲು ಬೈಯುವುದು ಮಗುವನ್ನು, ಆಮೇಲೆ ಜೋಕಾಲಿಯನ್ನು. ಮಗು ಬಿದ್ದದ್ದು ಎಂಥ ನೆಲದ ಮೇಲೆ ಎಂದು ಕೇಳುವವರು ಕಡಿಮೆ. ಆಟದ ಅಂಗಳದ ಗಾಯಗಳ ಲೆಕ್ಕವನ್ನು ಅಮೆರಿಕದಂಥ ದೇಶಗಳಲ್ಲಿ ವರ್ಷಗಳಿಂದ ಇಡುತ್ತಾ ಬಂದಿದ್ದಾರೆ. ಅಲ್ಲಿ ಮತ್ತೆ ಮತ್ತೆ ಕಂಡುಬಂದದ್ದು ಒಂದೇ: ಹೆಚ್ಚಿನ ಗಾಯಗಳಿಗೆ ಕಾರಣ ಮೇಲಿನಿಂದ ಬೀಳುವುದು. ಮಕ್ಕಳು ಬೀಳುವುದನ್ನು ಪೂರ್ತಿಯಾಗಿ ತಡೆಯಲಾಗದು, ತಡೆಯಲು ಹೋಗಲೂಬಾರದು. ಹತ್ತದೆ, ಜಾರದೆ, ಎಡವದೆ ಯಾವ ಮಗುವೂ ಬೆಳೆಯುವುದಿಲ್ಲ. ಆದರೆ ಬಿದ್ದಾಗ ನೆಲ ಮೆತ್ತಗಿರಬೇಕೋ ಕಲ್ಲಾಗಿರಬೇಕೋ ಎಂಬುದನ್ನು ತೀರ್ಮಾನಿಸುವವರು ದೊಡ್ಡವರು. ಇವತ್ತು ನಾನು ಹೇಳಬೇಕೆಂದಿರುವುದು ಹೆಚ್ಚಾಗಿ ಆ ನೆಲದ ವಿಚಾರ, ಜೊತೆಗೆ ಉದ್ಘಾಟನೆ ಮುಗಿದ ಮರುದಿನದಿಂದ ಅದನ್ನು ನೋಡಿಕೊಳ್ಳುವವರ ವಿಚಾರ.

ಬೆಂಗಳೂರಿನ ಕೆಂಗೇರಿಯನ್ನೇ ತೆಗೆದುಕೊಳ್ಳೋಣ. ಹಳೇ ಪೇಟೆಯ ಬೀದಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಮಕ್ಕಳಿಗೆ ರಸ್ತೆಯೇ ಆಟದ ಬಯಲು. ಪಕ್ಕದ ಉಪನಗರ ಹಾಗಲ್ಲ. ಅದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಅಳೆದು ಗೆರೆ ಎಳೆದು ಮಾಡಿದ ಊರು, ನಕ್ಷೆಯಲ್ಲೇ ಉದ್ಯಾನಗಳಿಗೆ ಜಾಗವಿದೆ. ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಶೇಕಡಾ 15ಕ್ಕೆ ಕಡಿಮೆ ಇಲ್ಲದಷ್ಟನ್ನು ಉದ್ಯಾನ ಮತ್ತು ಆಟದ ಮೈದಾನಗಳಿಗೆ ಬಿಡಬೇಕೆಂದು ಬಿಡಿಎ ಕಾಯ್ದೆಯ 16ನೇ ಕಲಂ ಹೇಳುತ್ತದೆ. ಹೀಗೆ ಬಿಟ್ಟ ಜಾಗ ಉಳಿಯುವುದಕ್ಕೂ ಜನ ಹೋರಾಡಿದ್ದಾರೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಇಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಟ್ಟಾಗ ಅಲ್ಲಿಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆ ಹಂಚಿಕೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ತೀರ್ಪು ಕೊಟ್ಟಿತು. ಮುದ್ದಪ್ಪ ಪ್ರಕರಣ ಎಂದು ವಕೀಲರು ಇವತ್ತಿಗೂ ಉದಾಹರಿಸುವುದು ಅದನ್ನೇ.

ಜಾಗ ಉಳಿಯಿತು ಎಂದಿಟ್ಟುಕೊಳ್ಳಿ. ಟೆಂಡರ್ ಆಯಿತು, ಬಣ್ಣಬಣ್ಣದ ಜಾರುಬಂಡೆ, ಜೋಕಾಲಿ, ಸೀಸಾ ಬಂದವು. ಅಂಗಳ ಚೊಕ್ಕಟವಾಗಿ ಕಾಣಲಿ ಎಂದು ಅವುಗಳ ಕೆಳಗೆ ಪೇವರ್ ಬ್ಲಾಕ್ ಹಾಸುವುದನ್ನು, ಇಲ್ಲವೇ ಕಾಂಕ್ರೀಟಿನ ಮೇಲೆ ತೆಳುವಾದ ಕೃತಕ ಹುಲ್ಲು ಅಂಟಿಸುವುದನ್ನು ನೀವೂ ಕಂಡಿರಬಹುದು. ಇಡೀ ಕೆಲಸದಲ್ಲಿ ಅತಿ ಅಪಾಯದ ಭಾಗ ಅದೇ. ಆರಡಿ ಎತ್ತರದಿಂದ ತಲೆ ಕೆಳಗಾಗಿ ಬಿದ್ದ ಮಗುವಿನ ಪಾಲಿಗೆ ಹಸಿರು ಬಣ್ಣದ ಕಾಂಕ್ರೀಟೂ ಕಾಂಕ್ರೀಟೇ. ನಮ್ಮ ಕೆಂಪು ಮಣ್ಣಿನ ನೆಲವನ್ನು ಮೆತ್ತಗಿದೆ ಎಂದು ನಂಬುವಂತಿಲ್ಲ. ಸಾವಿರ ಪಾದಗಳು ತುಳಿದು, ಮಳೆ ನಿಂತು, ಬಿಸಿಲಿಗೆ ಒಣಗಿದ ಮೇಲೆ ಅದು ಇಟ್ಟಿಗೆಯಷ್ಟೇ ಗಟ್ಟಿ.

ಹಾಗಾದರೆ ಏನು ಹಾಕಬೇಕು? ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಕೈಪಿಡಿಯಲ್ಲಿ ಇದಕ್ಕೆ ನೇರವಾದ ಲೆಕ್ಕವಿದೆ. 9 ಇಂಚು ಆಳದ ಮರಳು ಸುಮಾರು 4 ಅಡಿ ಎತ್ತರದಿಂದ ಬಿದ್ದ ಮಗುವನ್ನು ಕಾಪಾಡೀತು. ಅಷ್ಟೇ ಆಳದ ಮರದ ಚಕ್ಕೆ 10 ಅಡಿಯವರೆಗೂ ಕಾಪಾಡುತ್ತದೆ. ಹೊಸದಾಗಿ ಸುರಿದದ್ದು ಸುಮಾರು ಕಾಲುಭಾಗ ಕುಸಿಯುವುದರಿಂದ, 9 ಇಂಚು ಉಳಿಯಬೇಕಾದರೆ 12 ಇಂಚು ಸುರಿಯಬೇಕು. ಇಲ್ಲಿ ನಮ್ಮ ಊರಿನದೇ ಒಂದು ತೊಡಕಿದೆ. ಹೊಳೆ ಮರಳು ಸಿಗುವುದು ಕಷ್ಟ, ಗುತ್ತಿಗೆದಾರರು ಎಂ-ಸ್ಯಾಂಡ್ ತಂದು ಸುರಿಯುತ್ತಾರೆ. ಎಂ-ಸ್ಯಾಂಡ್ ಕಲ್ಲು ಪುಡಿ ಮಾಡಿದ್ದು: ಕಣಗಳಿಗೆ ಮೂಲೆಗಳಿವೆ, ನಡುವೆ ನುಣ್ಣನೆ ಧೂಳೂ ಇದೆ. ನೀರು ಬಿದ್ದರೆ ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತದೆ. ಗೋಡೆಗೆ ಅದು ಒಳ್ಳೆಯ ಗುಣ, ಜೋಕಾಲಿಯ ಕೆಳಗೆ ಕೆಟ್ಟದ್ದು. ಅಲ್ಲಿ ಬೇಕಾದದ್ದು ತೊಳೆದ, ಜೇಡಿ ಇಲ್ಲದ, ಕಣ ದುಂಡಗಿರುವ ಮರಳು.

ಮರಳಾಗಲಿ ಚಕ್ಕೆಯಾಗಲಿ ಹಾಕಿದಲ್ಲೇ ಇರುವುದಿಲ್ಲ. ಜೋಕಾಲಿಯ ಕೆಳಗೆ, ಜಾರುಬಂಡೆಯ ಬಾಯಲ್ಲಿ, ಮಕ್ಕಳ ಕಾಲು ಎಲ್ಲಿ ತಾಗುತ್ತದೋ ಅಲ್ಲೇ ಗುಂಡಿ ಬೀಳುತ್ತದೆ. ಹೆಚ್ಚು ಬೀಳುವ ಜಾಗವೂ ಅದೇ. ಸುಲಭದ ಉಪಾಯವೊಂದಿದೆ: ಕಂಬಗಳ ಮೇಲೆ ಮರಳಿನ ಮಟ್ಟಕ್ಕೆ ಬಣ್ಣದ ಗೆರೆ ಎಳೆದುಬಿಡುವುದು. ಗೆರೆಯ ಕೆಳಗೆ ಕಂಬ ಕಂಡಿತೆಂದರೆ ಮಾಲಿಗೂ ಗೊತ್ತು, ಅಜ್ಜನಿಗೂ ಗೊತ್ತು, ಮರಳು ಎಳೆದು ತುಂಬಬೇಕು ಎಂದು. ಇದಕ್ಕೆ ಎಂಜಿನಿಯರ್ ಬರಬೇಕಾಗಿಲ್ಲ. ಮಣ್ಣು ಕೊಚ್ಚಿಹೋಗಿ ಕಂಬದ ಬುಡದ ಕಾಂಕ್ರೀಟ್ ದಿಮ್ಮಿ ಮೇಲೆದ್ದಿದ್ದರೆ ಅದನ್ನೂ ಮುಚ್ಚಬೇಕು. ಓಡಿ ಬರುವ ಮಗು ಎಡವುವುದು ಅದಕ್ಕೇ, ತಲೆ ಬಡಿಯುವುದೂ ಅದಕ್ಕೇ.

ಇನ್ನು ಅಳತೆಗಳು. ಯಾವ ಆಟದ ಸಾಮಾನಿನ ಸುತ್ತಲೂ ಕನಿಷ್ಠ 6 ಅಡಿ ಮೆತ್ತನೆಯ ನೆಲ ಬೇಕು. ಜೋಕಾಲಿಗೆ ಇನ್ನೂ ಹೆಚ್ಚು: ಮೇಲಿನ ಪೈಪು ಎಷ್ಟು ಎತ್ತರವೋ ಅದರ ಎರಡರಷ್ಟು ಜಾಗ ಮುಂದೆಯೂ ಹಿಂದೆಯೂ ಖಾಲಿ ಇರಬೇಕು. ಒಂದು ಚೌಕಟ್ಟಿಗೆ ಎರಡೇ ಜೋಕಾಲಿ. ಮೂರು ಹಾಕಿದರೆ ನಡುವಿನದಕ್ಕೆ ಹೋಗುವ ಮಗು ತೂಗಾಡುವ ಎರಡರ ಮಧ್ಯೆ ನುಗ್ಗಬೇಕಾಗುತ್ತದೆ. ಕೂರುವ ಹಲಗೆ ಕಬ್ಬಿಣದ್ದೋ ದಪ್ಪ ಮರದ್ದೋ ಆಗಿದ್ದರೆ ಬಡಿದಾಗ ಹಣೆ ಒಡೆಯುತ್ತದೆ, ರಬ್ಬರಿನದು ಹಾಕಿಸಿ. ಕಂಬಿಗಳ ನಡುವಿನ ಸಂದು ಮೂರೂವರೆ ಇಂಚಿಗಿಂತ ಕಡಿಮೆ ಇರಬೇಕು, ಇಲ್ಲವೇ 9 ಇಂಚಿಗಿಂತ ಹೆಚ್ಚಿರಬೇಕು. ನಡುವಿನ ಅಳತೆಯಲ್ಲಿ ಚಿಕ್ಕ ಮಗುವಿನ ಮೈ ತೂರಿಹೋಗುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ, ಕಾಲಿಗೆ ನೆಲ ಸಿಗುವುದಿಲ್ಲ. ಉಸಿರು ಕಟ್ಟುವುದಕ್ಕೆ ಅಷ್ಟು ಸಾಕು. ಇದನ್ನು ಓದಿದ ದಿನದಿಂದ ಯಾವ ಪಾರ್ಕಿಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಆ ಸಂದುಗಳ ಕಡೆಗೆ.

ತಗಡಿನ ಜಾರುಬಂಡೆ ಏಪ್ರಿಲ್ ಮಧ್ಯಾಹ್ನದಲ್ಲಿ ತೊಡೆ ಸುಡುತ್ತದೆ. ಅದಕ್ಕೆ ಹೊಂಗೆ ಮರದ ನೆರಳು ಸಿಗಲಿ. ಮರ ಅಂದಾಗ ಮತ್ತೊಂದು ಮಾತು. ಮೇ ತಿಂಗಳ ಬಿರುಮಳೆಗೆ ಈ ಊರಿನಲ್ಲಿ ಕೊಂಬೆಗಳು ಹೇಗೆ ಮುರಿದು ಬೀಳುತ್ತವೆ ಎಂದು ನಿಮಗೆ ಗೊತ್ತು. ಆಟದ ಸಾಮಾನಿನ ಮೇಲೆ ಚಾಚಿದ ಒಣ ಕೊಂಬೆಯನ್ನು ಮಳೆಗಾಲಕ್ಕೆ ಮೊದಲೇ ತೆಗೆಸಬೇಕು. ಬೇಲಿಗೆ ಕಣಗಿಲೆ ಬೇಡವೇ ಬೇಡ: ಹೂವು ಚೆಂದ, ಗಿಡವೆಲ್ಲ ವಿಷ, ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳು ಆಡುವ ಜಾಗ ಅದು. ಹಳೇ ಟಯರುಗಳಿಂದ ಆಟದ ಸಾಮಾನು ಮಾಡುವ ಒಳ್ಳೆಯ ಕೆಲಸವೂ ನಡೆಯುತ್ತಿದೆ. ಬೆಂಗಳೂರಿನ ಆಂಟ್‌ಹಿಲ್ ಕ್ರಿಯೇಷನ್ಸ್ ಸಂಸ್ಥೆ ಅದಕ್ಕೇ ಹೆಸರಾಗಿದೆ. ಖರ್ಚು ಕಡಿಮೆ, ಶಾಲೆಗಳಿಗೂ ಎಟುಕುತ್ತದೆ. ನೀವೇ ಟಯರು ಹೂಳುವುದಾದರೆ ತಳಭಾಗಕ್ಕೆ ತೂತು ಕೊರೆಯಲು ಮರೆಯಬೇಡಿ. ಒಳಗೆ ನಿಂತ ತಿಳಿನೀರೇ ಡೆಂಗಿ ಸೊಳ್ಳೆಗೆ ತವರು.

ದೊಡ್ಡವರಿಗೆ ಎರಡು ಮಾತು, ಬೇಸರ ಮಾಡಿಕೊಳ್ಳಬೇಡಿ. ಬೆಳಗಿನ ವಾಕಿಂಗ್ ಮುಗಿಸಿ ಮಕ್ಕಳ ಜೋಕಾಲಿಯಲ್ಲಿ ಕೂತು ಹರಟುವವರಿದ್ದಾರೆ. ಆ ಕೊಂಡಿ, ಆ ಬೇರಿಂಗು ಮಾಡಿರುವುದು ಮಕ್ಕಳ ತೂಕಕ್ಕೆ. ನಾವು ಕೂತರೆ ಅವು ಬೇಗ ಸವೆಯುತ್ತವೆ, ಕಳಚುವುದು ಮಾತ್ರ ಮಗು ತೂಗುವಾಗ. ಇನ್ನೊಂದು, ಪುಟ್ಟ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರುಬಂಡೆ ಇಳಿಯುವುದು. ಇಳಿಯುವಾಗ ಮಗುವಿನ ಶೂ ಬದಿಗೆ ತಾಗಿ ಸಿಕ್ಕಿಕೊಂಡರೆ, ಹಿಂದಿರುವ ದೊಡ್ಡವರ ಭಾರ ಕಾಲನ್ನು ತಿರುಚುತ್ತದೆ, ಮೊಣಕಾಲ ಕೆಳಗಿನ ಮೂಳೆ ಮುರಿಯುತ್ತದೆ. ಕಾಪಾಡಬೇಕೆಂದು ಮಾಡಿದ್ದೇ ಮುರಿತಕ್ಕೆ ಕಾರಣವಾಗುತ್ತದೆ ಎಂದು ಅಮೆರಿಕದ ಮಕ್ಕಳ ತಜ್ಞರು ತೋರಿಸಿದ್ದಾರೆ. ಒಬ್ಬನೇ ಇಳಿಯಲಾಗದ ಮಗುವಿಗೆ ಆ ಜಾರುಬಂಡೆ ಇನ್ನೂ ಬೇಡ.

ಇಷ್ಟೆಲ್ಲ ಸರಿ ಮಾಡಿದರೂ ಉಳಿಯುವ ಪ್ರಶ್ನೆ ನಿರ್ವಹಣೆಯದು. 2024ರ ಸೆಪ್ಟೆಂಬರ್‌ನಲ್ಲಿ ಮಲ್ಲೇಶ್ವರದಲ್ಲಿ, ಪಾಲಿಕೆಯ ಆಟದ ಮೈದಾನದ ಕಬ್ಬಿಣದ ಗೇಟು ಮೈಮೇಲೆ ಬಿದ್ದು ಆಡಲು ಬಂದ ಬಾಲಕನೊಬ್ಬ ತೀರಿಕೊಂಡ. ಜೋಕಾಲಿಯಲ್ಲ, ಜಾರುಬಂಡೆಯಲ್ಲ, ಗೇಟು. ಆಟದ ಸಾಮಾನಿನ ಪಟ್ಟಿಯಲ್ಲಿ ಗೇಟು ಬರುವುದಿಲ್ಲ, ಆದರೆ ಮಕ್ಕಳು ಅದರ ಮೇಲೆ ಹತ್ತಿ ತೂಗುತ್ತಾರೆ, ಓಡಿ ಬಂದು ತಳ್ಳುತ್ತಾರೆ. ಆ ಸುದ್ದಿ ಬಂದಾಗ ನಾವೆಲ್ಲ ಎರಡು ದಿನ ಸಂಕಟಪಟ್ಟೆವು. ನಮ್ಮ ನಮ್ಮ ಪಾರ್ಕಿನ ಗೇಟಿನ ಕೀಲನ್ನು ಎಷ್ಟು ಜನ ಹೋಗಿ ಅಲ್ಲಾಡಿಸಿ ನೋಡಿದೆವು?

ಯುರೋಪಿನಲ್ಲಿ ಈ ತಪಾಸಣೆಗೆ ಮೂರು ಹಂತ ಮಾಡಿದ್ದಾರೆ. ದಿನಾ ಅಥವಾ ವಾರಕ್ಕೊಮ್ಮೆ ಕಣ್ಣಾಡಿಸುವುದು: ಗಾಜಿನ ಚೂರು, ಮುರಿದ ಹಲಗೆ, ಹೊರಬಿದ್ದ ವಿದ್ಯುತ್ ತಂತಿ. ಒಂದರಿಂದ ಮೂರು ತಿಂಗಳಿಗೊಮ್ಮೆ ಕೈ ಹಾಕಿ ನೋಡುವುದು: ಸರಪಳಿಯ ಕೊಂಡಿ ಸವೆದಿದೆಯೇ, ನಟ್ಟು ಸಡಿಲವೇ, ಬೆಸುಗೆ ಬಿರುಕು ಬಿಟ್ಟಿದೆಯೇ. ವರ್ಷಕ್ಕೊಮ್ಮೆ ತಿಳಿದವರು ಬುಡದಿಂದ ಪರೀಕ್ಷಿಸುವುದು. ನಮ್ಮ ಮಳೆಗೆ ಪೈಪು ತುಕ್ಕು ಹಿಡಿಯುವುದು ನೆಲಕ್ಕೆ ತಾಗುವ ಜಾಗದಲ್ಲಿ, ಒಳಗಿನಿಂದ. ಮೇಲೆ ಎಷ್ಟು ಸಲ ಬಣ್ಣ ಹೊಡೆದರೂ ಅದು ಕಾಣಿಸುವುದಿಲ್ಲ. ಬುಡದ ಮಣ್ಣು ಸರಿಸಿ ಸುತ್ತಿಗೆಯಿಂದ ತಟ್ಟಿ ನೋಡಬೇಕು.

ಮೊದಲ ಹಂತವನ್ನು ಬಡಾವಣೆಯ ಜನರೇ ಮಾಡಬಹುದು. ಉಳಿದೆರಡು ಪಾಲಿಕೆಯ ಹೊಣೆ. ಕೆಂಗೇರಿ ಪುರಸಭೆ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ (ಬಿಬಿಎಂಪಿ) ಸೇರಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು. ಕಚೇರಿಯ ಫಲಕ ಬದಲಾದಾಗ ಪಾರ್ಕಿನ ಕಡತ ಯಾರ ಮೇಜಿನ ಮೇಲಿದೆ ಎಂದು ಕೇಳಿ ತಿಳಿದುಕೊಳ್ಳಿ. ದೂರು ಕೊಡುವಾಗ ಪಾರ್ಕಿನ ಹೆಸರು, ಮುರಿದ ಸಾಮಾನು, ದಿನಾಂಕ, ಒಂದು ಫೋಟೋ, ಇಷ್ಟು ಬರವಣಿಗೆಯಲ್ಲಿ ಇರಲಿ. ಹೊಸ ಟೆಂಡರ್ ಆಗುವಾಗ ಸಾಮಾನಿನ ಬೆಲೆಯ ಜೊತೆ ಮೂರು ವರ್ಷದ ನಿರ್ವಹಣೆಯನ್ನೂ ಸೇರಿಸಿ ಎಂದು ಒತ್ತಾಯಿಸಿ. ರಿಪೇರಿ ಆಗುವವರೆಗೆ ಕೆಟ್ಟ ಜೋಕಾಲಿಗೆ ಬರೀ ಹಗ್ಗ ಕಟ್ಟಿ ಬಿಡಬೇಡಿ, ಮಕ್ಕಳು ಅದನ್ನು ಬಿಚ್ಚುತ್ತಾರೆ. ಹಲಗೆಯನ್ನೇ ಕಳಚಿಸಿ, ಸರಪಳಿಯನ್ನು ಮೇಲಿನ ಪೈಪಿಗೆ ಸುತ್ತಿಸಿಬಿಡಿ.