ಮೂಸಿ ದಡದ ಪ್ರಚಲಿತ ವಿದ್ಯಮಾನ

ಹೈದರಾಬಾದಿನ ಹಳಬರಿಗೆ ಆರ್‌ಟಿಸಿ ಕ್ರಾಸ್ ರೋಡ್ಸ್ ಎಂದರೆ ಸಿನಿಮಾ ಥಿಯೇಟರುಗಳ ಜಾಗ. ಅಲ್ಲಿಂದ ಅಶೋಕ್ ನಗರದ ಕಡೆ ತಿರುಗಿದರೆ ಫ್ಲೆಕ್ಸುಗಳ ಮೇಲಿನ ಮುಖಗಳು ಬದಲಾಗುತ್ತವೆ. ನಾಯಕ ನಟರು ಹಿಂದೆ ಸರಿದು ರ್‍ಯಾಂಕ್ ಬಂದವರು ನಿಲ್ಲುತ್ತಾರೆ. ಕೋಚಿಂಗ್ ಸೆಂಟರು, ಸ್ಟಡಿ ಹಾಲು, ಹಾಸ್ಟೆಲು, ಜೆರಾಕ್ಸ್ ಅಂಗಡಿ, ರಾತ್ರಿಯ ಅನ್ನಕ್ಕೆ ಪಲ್ಯ ಕಟ್ಟಿಸಿಕೊಳ್ಳುವ ಕರ್ರಿ ಪಾಯಿಂಟು: ಬಡಾವಣೆಯ ಬದುಕು ನಡೆಯುವುದು ಇವುಗಳ ಮೇಲೆ. ಹತ್ತಿರದ ಚಿಕ್ಕಡಪಲ್ಲಿಯ ನಗರ ಕೇಂದ್ರ ಗ್ರಂಥಾಲಯದಲ್ಲಿ ಓದುವವರಲ್ಲಿ ಬಹುಪಾಲು ಜನ ಕಥೆ ಕಾದಂಬರಿಗೆ ಬಂದವರಲ್ಲ. ಕೈಯಲ್ಲಿ ಪತ್ರಿಕೆ, ಪಕ್ಕದಲ್ಲಿ ಹೈಲೈಟರ್.

ಗ್ರೂಪ್-1 ಬರೆಯುವವರು, ಪೊಲೀಸ್ ನೇಮಕಾತಿಗೆ ಕಾಯುವವರು, ಯುಪಿಎಸ್‌ಸಿ ಕನಸಿನವರು ಬೇರೆ ಬೇರೆ ಪುಸ್ತಕ ಓದಬಹುದು. ಒಂದು ವಿಷಯ ಮಾತ್ರ ಎಲ್ಲರಿಗೂ ಸಮಾನ. ಅದು ಕರೆಂಟ್ ಅಫೇರ್ಸ್, ಕನ್ನಡದ ಸ್ಪರ್ಧಾ ಪತ್ರಿಕೆಗಳು 'ಪ್ರಚಲಿತ ವಿದ್ಯಮಾನ' ಎಂದು ಕರೆಯುವ ವಿಷಯ. ಹೆಚ್ಚು ಓದಿಸಿಕೊಳ್ಳುವುದೂ ಇದೇ, ಹೆಚ್ಚು ಮರೆತುಹೋಗುವುದೂ ಇದೇ.

ಮರೆಯುವುದಕ್ಕೆ ಕಾರಣ ಓದುವವರ ಬುದ್ಧಿಯಲ್ಲಿಲ್ಲ, ಓದಿಸುವ ಕ್ರಮದಲ್ಲಿದೆ. ಯಾರಿಗೆ ಯಾವ ಪ್ರಶಸ್ತಿ, ಯಾವ ದಿನಾಚರಣೆಯ ಘೋಷವಾಕ್ಯ ಏನು, ಯಾವ ಸಮಿತಿಗೆ ಯಾರು ಅಧ್ಯಕ್ಷರು ಎಂಬ ಒಂದು ಸಾಲಿನ ಪ್ರಶ್ನೋತ್ತರಗಳು ತಿಂಗಳಿಗೊಂದು ಪುಸ್ತಿಕೆಯಾಗಿ ಬರುತ್ತವೆ. ಇವು ಉಪಯೋಗಕ್ಕೆ ಬಾರವು ಎನ್ನಲಾಗದು. ಕೆಳಹಂತದ ಕೆಲವು ಪರೀಕ್ಷೆಗಳಲ್ಲಿ ಇಂಥವನ್ನೇ ಕೇಳುತ್ತಾರೆ. ಆದರೆ ಕೇಂದ್ರ ಲೋಕಸೇವಾ ಆಯೋಗ ಈ ದಾರಿಯಿಂದ ಬಹಳ ದೂರ ಹೋಗಿದೆ.

2024ರ ಜೂನ್ 16ರ ಪೂರ್ವಭಾವಿ ಪರೀಕ್ಷೆಯ ಒಂದು ಪ್ರಶ್ನೆಯನ್ನೇ ನೋಡಬಹುದು. ಶಾಂತಿನಿಕೇತನ, ರಾಣಿ ಕಿ ವಾವ್, ಹೊಯ್ಸಳರ ದೇವಾಲಯ ಸಮೂಹ, ಬೋಧಗಯೆಯ ಮಹಾಬೋಧಿ ಎಂಬ ನಾಲ್ಕು ಹೆಸರು ಕೊಟ್ಟು, ಇವುಗಳಲ್ಲಿ ಎಷ್ಟು 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು ಎಂದು ಕೇಳಿದ್ದರು. ಯಾವುವು ಎಂದಲ್ಲ, ಎಷ್ಟು ಎಂದು. ಬೇಲೂರು, ಹಳೇಬೀಡು, ಸೋಮನಾಥಪುರ ಪಟ್ಟಿಗೆ ಸೇರಿದ ದಿನ ಕರ್ನಾಟಕದ ಪತ್ರಿಕೆಗಳೆಲ್ಲ ಅದನ್ನು ಮುಖಪುಟದಲ್ಲಿ ಸಂಭ್ರಮಿಸಿದ್ದವು. ಕನ್ನಡದ ಅಭ್ಯರ್ಥಿಗೆ ಆ ಒಂದು ಹೆಸರು ಖಚಿತವಾಗಿ ಗೊತ್ತು. ಅದೊಂದರಿಂದ ಉತ್ತರ ಸಿಗುವುದಿಲ್ಲ. ಶಾಂತಿನಿಕೇತನ ಸೇರಿದ್ದು ಅದರ ಹಿಂದಿನ ದಿನ, ರಾಣಿ ಕಿ ವಾವ್ ಸೇರಿದ್ದು 2014ರಲ್ಲಿ, ಮಹಾಬೋಧಿ 2002ರಲ್ಲಿ ಎಂಬುದು ಗೊತ್ತಿದ್ದರೆ ಮಾತ್ರ 'ಎರಡು' ಎಂದು ಗುರುತು ಹಾಕಬಹುದು. 2023ರಿಂದ ಇಂಥ 'ಎಷ್ಟು' ಪ್ರಶ್ನೆಗಳು ಹೆಚ್ಚಾದವು. ಒಂದು ಹೇಳಿಕೆ ತಪ್ಪೆಂದು ತಿಳಿದು ಎರಡು ಆಯ್ಕೆಗಳನ್ನು ಹೊಡೆದುಹಾಕುವ ಹಳೆಯ ಜಾಣತನ ಅಲ್ಲಿ ನಡೆಯದು. ತಪ್ಪಾದರೆ ಮೂರನೇ ಒಂದು ಭಾಗ ಅಂಕವೂ ಹೋಗುತ್ತದೆ.

ಹಾಗಾದರೆ ಸುದ್ದಿಯನ್ನು ಓದುವುದು ಹೇಗೆ? ಹೈದರಾಬಾದಿನಲ್ಲಿ ಕೂತು ಓದುವವರಿಗೆ ಉತ್ತರ ಕಣ್ಣೆದುರೇ ಹರಿಯುತ್ತಿದೆ.

2024ರ ಜುಲೈನಲ್ಲಿ ತೆಲಂಗಾಣ ಸರ್ಕಾರ 'ಹೈಡ್ರಾ' ಎಂಬ ಸಂಸ್ಥೆಯನ್ನು ಹುಟ್ಟುಹಾಕಿತು. ವಿಪತ್ತು ನಿರ್ವಹಣೆ ಮತ್ತು ಸಾರ್ವಜನಿಕ ಆಸ್ತಿ ರಕ್ಷಣೆ ಅದರ ಕೆಲಸ. ಕೆರೆ ಒತ್ತುವರಿ ತೆರವಿನ ಬುಲ್‌ಡೋಜರುಗಳು ವಾರಗಟ್ಟಲೆ ಟಿವಿಯಲ್ಲಿ ಓಡಿದವು. ಜತೆಗೇ ಮೂಸಿ ನದಿಯ ಪುನರುಜ್ಜೀವನದ ಯೋಜನೆಯೂ, ದಡದ ಮನೆಗಳನ್ನು ಕಳೆದುಕೊಳ್ಳುವವರ ಪ್ರತಿಭಟನೆಯೂ ಸುದ್ದಿಯಾದವು. ಪುಸ್ತಿಕೆ ಇದನ್ನು ಒಂದು ಸಾಲಿಗೆ ಇಳಿಸುತ್ತದೆ: ಹೈಡ್ರಾ ಸ್ಥಾಪನೆಯಾದದ್ದು ಯಾವಾಗ? ಅಷ್ಟಕ್ಕೇ ನಿಂತವರಿಗೆ ಸಿಗುವುದು ಒಂದು ತಾರೀಖು.

ಹಿಂದಕ್ಕೆ ಹೋದವರಿಗೆ 1908ರ ಸೆಪ್ಟೆಂಬರ್ 28 ಸಿಗುತ್ತದೆ. ಅಂದು ಮೂಸಿ ಉಕ್ಕಿ ಸುಮಾರು 15,000 ಜನ ಸತ್ತರೆಂದು ಅಂದಾಜು. ಅಫ್ಜಲ್‌ಗಂಜಿನ ಆಸ್ಪತ್ರೆಯ ಆವರಣದಲ್ಲಿದ್ದ ಹುಣಸೆಮರ ಹತ್ತಿ ನೂರೈವತ್ತರಷ್ಟು ಜನ ಬದುಕಿದರೆಂದು ಊರು ಇಂದಿಗೂ ನೆನೆಯುತ್ತದೆ. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅವರ ಸರ್ಕಾರ ಪರಿಹಾರ ಕೇಳಿ ಕರೆಸಿದ್ದು ಆಗಷ್ಟೇ ಮುಂಬೈ ಪ್ರಾಂತ್ಯದ ಸೇವೆ ಬಿಟ್ಟಿದ್ದ ಎಂ. ವಿಶ್ವೇಶ್ವರಯ್ಯ ಅವರನ್ನು. 1909ರಲ್ಲಿ ಬಂದ ಅವರು ಊರಿನೊಳಗೆ ಗೋಡೆ ಕಟ್ಟುವುದಷ್ಟೇ ಸಾಲದು, ನದಿಯ ಮೇಲ್ಭಾಗದಲ್ಲಿ ಜಲಾಶಯಗಳಾಗಬೇಕು ಎಂದರು. ಅದೇ ವರ್ಷದ ಕೊನೆಗೆ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಹೊರಟರು. ಅವರ ಸಲಹೆಯಂತೆ ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಮುಗಿದವು.

ಈಗ ಮುಂದಕ್ಕೆ ಬರಬೇಕು. ಈ ಎರಡು ಜಲಾಶಯಗಳ ಸುತ್ತ 10 ಕಿಲೋಮೀಟರಿನೊಳಗೆ ದೊಡ್ಡ ನಿರ್ಮಾಣ, ಕೈಗಾರಿಕೆ ಬೇಡವೆಂದು 1996ರಲ್ಲಿ ಹೊರಟದ್ದು ಪ್ರಸಿದ್ಧ 111ನೇ ಸರ್ಕಾರಿ ಆದೇಶ. 84 ಹಳ್ಳಿಗಳು ಅದರ ವ್ಯಾಪ್ತಿಗೆ ಬಂದವು. 2022ರ ಏಪ್ರಿಲ್‌ನಲ್ಲಿ 69ನೇ ಆದೇಶ ಆ ನಿರ್ಬಂಧಗಳನ್ನು ತೆಗೆಯಿತು. ಜಲಾನಯನ ಪ್ರದೇಶ, ನಗರ ಪ್ರವಾಹ, ಸ್ಥಳೀಯ ಸಂಸ್ಥೆಗಳ ಅಧಿಕಾರ, ಪರಿಸರ ನ್ಯಾಯ, ಪುನರ್ವಸತಿ ಎಲ್ಲವೂ ಒಂದೇ ಸುದ್ದಿಯಲ್ಲಿವೆ. ಮುಖ್ಯ ಪರೀಕ್ಷೆಯ ಮೂರು ಪತ್ರಿಕೆಗಳಿಗೆ ಸಾಕಾಗುವಷ್ಟು ಸರಕು ಇದು. ಮುಖ್ಯಮಂತ್ರಿ ಬದಲಾಗಬಹುದು, ಸಂಸ್ಥೆಯ ಹೆಸರು ಬದಲಾಗಬಹುದು. ಇದನ್ನು ಓದಿಕೊಂಡವರ ಓದು ಹಳತಾಗದು.

ಮೂಸಿ ಹುಟ್ಟುವುದು ವಿಕಾರಾಬಾದಿನ ಅನಂತಗಿರಿ ಬೆಟ್ಟದಲ್ಲಿ. ಅದು ಪೂರ್ವಕ್ಕೆ ಹರಿದು ನಲ್ಗೊಂಡ ದಾಟಿ ಕೃಷ್ಣೆ ಸೇರುತ್ತದೆ. ಅದೇ ಬೆಟ್ಟಸಾಲಿನಲ್ಲಿ ಹುಟ್ಟುವ ಕಾಗಿಣಾ ಪಶ್ಚಿಮಕ್ಕೆ ತಿರುಗಿ, ತಾಂಡೂರು ದಾಟಿ, ಕಲಬುರಗಿ ಜಿಲ್ಲೆಗೆ ಬಂದು ಭೀಮೆಯನ್ನು ಕೂಡುತ್ತದೆ. ಅದರ ದಡದಲ್ಲೇ ಮಳಖೇಡ, ಅಮೋಘವರ್ಷ ನೃಪತುಂಗನ ರಾಜಧಾನಿ. ಚಿಕ್ಕಡಪಲ್ಲಿಯಿಂದ ದೂರವಲ್ಲದ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ಕನ್ನಡಿಗರು ಕಟ್ಟಿದ ಶಾಲೆಯಿದೆ. ಶಾಲೆಯ ಹೆಸರು ನೃಪತುಂಗ. ಭೂಗೋಳವೂ ಚರಿತ್ರೆಯೂ ಹೀಗೆ ಒಂದೇ ನಕ್ಷೆಯಲ್ಲಿ ಕೂಡಿರುವಾಗ ಅವನ್ನು ಬೇರೆ ಬೇರೆ ನೋಟ್ಸಿನಲ್ಲಿ ಬರೆದುಕೊಳ್ಳುವುದು ವ್ಯರ್ಥ ಶ್ರಮ.

ಹೈದರಾಬಾದಿನಲ್ಲಿ ನೌಕರಿಯ ಪ್ರಶ್ನೆ ಕೋಚಿಂಗ್ ಸೆಂಟರುಗಳ ಜತೆ ಹುಟ್ಟಿದ್ದಲ್ಲ. ನಿಜಾಮರ ಆಡಳಿತದಲ್ಲಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಪರ್ಷಿಯನ್ ಜಾಗಕ್ಕೆ ಉರ್ದು ಬಂದಿತು. ಬೀದರ್, ಗುಲ್ಬರ್ಗ, ರಾಯಚೂರಿನ ಕನ್ನಡದ ಹುಡುಗ ಸರ್ಕಾರಿ ಕೆಲಸಕ್ಕೆ ಸೇರಬೇಕಾದರೆ ಉರ್ದು ಕಲಿಯಬೇಕಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನು ಇಂಗ್ಲಿಷ್ ಬಿಟ್ಟು ಭಾರತೀಯ ಭಾಷೆಯಲ್ಲಿ ಕೊಟ್ಟಿತು. ಅದಕ್ಕೆಂದೇ 1917ರಲ್ಲಿ ಭಾಷಾಂತರ ಇಲಾಖೆಯೊಂದು ಶುರುವಾಗಿತ್ತು. ದೊಡ್ಡ ಸಾಹಸವೇ ಸರಿ. ಆದರೆ ಆ ಭಾರತೀಯ ಭಾಷೆ ರಾಜ್ಯದ ಬಹುಸಂಖ್ಯಾತರ ತೆಲುಗು, ಮರಾಠಿ, ಕನ್ನಡಗಳಲ್ಲಿ ಒಂದಾಗಿರಲಿಲ್ಲ. ಹೀಗಿದ್ದೂ ಕಲಬುರಗಿ ಕಡೆಯವರು ಓದಿಗೆ ಇಲ್ಲಿಗೇ ಬರುತ್ತಿದ್ದರು. ಮುಂದೆ ಕರ್ನಾಟಕದ ಮುಖ್ಯಮಂತ್ರಿಯಾದ ಧರ್ಮಸಿಂಗ್ ಉಸ್ಮಾನಿಯಾದಲ್ಲಿ ಓದಿದವರು.

1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತಕ್ಕೆ ಸೇರಿತು. ಹೊರಗಿನಿಂದ ಬಂದ ನೌಕರರ ವಿರುದ್ಧ 1952ರಲ್ಲಿ ಮುಲ್ಕಿ ಚಳವಳಿ ನಡೆಯಿತು. 'ಇಡ್ಲಿ ಸಾಂಬಾರ್ ಗೋ ಬ್ಯಾಕ್' ಎಂಬ ಅದರ ಘೋಷಣೆ ಈಗ ನಗು ತರಿಸಬಹುದು, ಗೋಲಿಬಾರಿನಲ್ಲಿ ಜೀವ ಹೋದದ್ದು ಮಾತ್ರ ನಗುವ ಸಂಗತಿಯಲ್ಲ. ಸ್ಥಳೀಯರಿಗೆ ನೌಕರಿ ಎಂಬ ಅದೇ ಬೇಡಿಕೆ ಸಂವಿಧಾನದೊಳಗೆ ಎರಡು ಕಡೆ ಬಂದು ಕೂತಿದೆ. 1973ರ 32ನೇ ತಿದ್ದುಪಡಿ ಆಂಧ್ರಕ್ಕೆ 371(ಡಿ) ಕೊಟ್ಟಿತು. ಗಡಿಯ ಈಚೆಗೆ, ಕರ್ನಾಟಕಕ್ಕೆ ಬಂದಿದ್ದ ಸಂಸ್ಥಾನದ ಜಿಲ್ಲೆಗಳು ಕಾಯಬೇಕಾಯಿತು: 98ನೇ ತಿದ್ದುಪಡಿಯ ಮೂಲಕ 371(ಜೆ) ಜಾರಿಗೆ ಬಂದಾಗ 2013. ಕಲ್ಯಾಣ ಕರ್ನಾಟಕದೊಳಗಿನ ಹುದ್ದೆಗಳಲ್ಲಿ ಎ ಮತ್ತು ಬಿ ವೃಂದಕ್ಕೆ ಶೇ 75, ಸಿಗೆ ಶೇ 80, ಡಿಗೆ ಶೇ 85 ಮೀಸಲು, ರಾಜ್ಯಮಟ್ಟದ ಹುದ್ದೆಗಳಲ್ಲಿ ಶೇ 8. ಇಲ್ಲೊಂದು ಸೂಕ್ಷ್ಮವಿದೆ, ಪರೀಕ್ಷಕರಿಗೆ ಬಲು ಇಷ್ಟವಾಗುವಂಥದ್ದು. ಈ ವಿಧಿಯ ವ್ಯಾಪ್ತಿಯಲ್ಲಿರುವ ಬಳ್ಳಾರಿ ಹೈದರಾಬಾದ್ ಸಂಸ್ಥಾನದ್ದಲ್ಲ, ಮದ್ರಾಸಿನಿಂದ 1953ರಲ್ಲಿ ಮೈಸೂರಿಗೆ ಬಂದ ಜಿಲ್ಲೆ. 2019ರ ಸೆಪ್ಟೆಂಬರ್ 17ರಂದು 'ಹೈದರಾಬಾದ್ ಕರ್ನಾಟಕ' ಎಂಬ ಹೆಸರು ಹೋಗಿ 'ಕಲ್ಯಾಣ ಕರ್ನಾಟಕ' ಬಂದಿತು.

ಎರಡೂ ರಾಜ್ಯಗಳು ಒಟ್ಟಿಗೆ ಎದುರಿಸಿದ ಇನ್ನೊಂದು ವಿಷಯ ಪರಿಶಿಷ್ಟ ಜಾತಿಗಳ ಒಳಮೀಸಲಾತಿ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಆರು-ಒಂದರ ಬಹುಮತದಲ್ಲಿ, ರಾಜ್ಯಗಳು ಒಳವರ್ಗೀಕರಣ ಮಾಡಬಹುದೆಂದಿತು. ಹಾಗೆ ಮಾಡುವಂತಿಲ್ಲ ಎಂದಿದ್ದ 2004ರ ಚಿನ್ನಯ್ಯ ತೀರ್ಪು ಬಿದ್ದುಹೋಯಿತು. ಅದೂ ಅವಿಭಜಿತ ಆಂಧ್ರದ ಮೊಕದ್ದಮೆಯೇ. ತೆಲಂಗಾಣ 2025ರ ಏಪ್ರಿಲ್ 14ರಂದು, ಅಂಬೇಡ್ಕರ್ ಜಯಂತಿಯ ದಿನ, ಇದನ್ನು ಜಾರಿಗೆ ತಂದಿತು. ಕರ್ನಾಟಕ ಅದೇ ವರ್ಷದ ಆಗಸ್ಟಿನಲ್ಲಿ, ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ವರದಿಯ ನಂತರ, ಮೂರು ಗುಂಪುಗಳಿಗೆ ಶೇ 6-6-5ರ ಹಂಚಿಕೆಗೆ ಬಂದಿತು. ಅಶೋಕ್ ನಗರದ ಓದುಗನಿಗೆ ಇದು ಬರಿಯ ಪಾಠವಲ್ಲ. ತಾನು ಯಾವ ಗುಂಪಿನಲ್ಲಿ ಅರ್ಜಿ ಹಾಕಬೇಕು ಎಂಬುದನ್ನು ತೀರ್ಮಾನಿಸುವ ಸುದ್ದಿ.

ಕೆಲವೊಮ್ಮೆ ಪರೀಕ್ಷೆಯೇ ಸುದ್ದಿಯಾಗಿಬಿಡುತ್ತದೆ. ತೆಲಂಗಾಣ ರಾಜ್ಯವಾದ ಮೇಲಿನ ಮೊದಲ ಗ್ರೂಪ್-1 ಅಧಿಸೂಚನೆ ಬಂದದ್ದು 2022ರಲ್ಲಿ, 503 ಹುದ್ದೆಗಳಿಗೆ. ಆ ಅಕ್ಟೋಬರಿನಲ್ಲಿ ನಡೆದ ಪೂರ್ವಭಾವಿ, ಪ್ರಶ್ನೆಪತ್ರಿಕೆ ಸೋರಿಕೆಯ ಹಗರಣದಿಂದಾಗಿ 2023ರ ಮಾರ್ಚಿನಲ್ಲಿ ರದ್ದಾಯಿತು. ಜೂನ್ 11ರಂದು ಮತ್ತೆ ನಡೆಯಿತು. ಬೆರಳಚ್ಚಿನ ಬಯೋಮೆಟ್ರಿಕ್ ಲೋಪಕ್ಕಾಗಿ ಹೈಕೋರ್ಟ್ ಅದನ್ನೂ ರದ್ದುಮಾಡಿತು. 2024ರಲ್ಲಿ 563 ಹುದ್ದೆಗಳಿಗೆ ಹೊಸ ಅಧಿಸೂಚನೆ, ಜೂನ್ 9ರಂದು ಮೂರನೇ ಪೂರ್ವಭಾವಿ. ಅಕ್ಟೋಬರಿನ ಮುಖ್ಯ ಪರೀಕ್ಷೆಗೆ ಮುನ್ನ ಮೀಸಲಾತಿಗೆ ಸಂಬಂಧಿಸಿದ 29ನೇ ಸರ್ಕಾರಿ ಆದೇಶದ ವಿರುದ್ಧ ಅಭ್ಯರ್ಥಿಗಳು ಅಶೋಕ್ ನಗರದ ಬೀದಿಗಿಳಿದರು, ಪೊಲೀಸರ ಲಾಠಿ ಎದುರಿಸಿದರು. ಇದೇ ನಗರದ ಶಿವರಾಂಪಲ್ಲಿಯಲ್ಲಿ ಸರ್ದಾರ್ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿ ಇದೆ. ಐಪಿಎಸ್‌ಗೆ ಆಯ್ಕೆಯಾದವರು ಸೇರುವ ಆ ಆವರಣವನ್ನೂ ಆಯ್ಕೆಗೆ ಕಾಯುವವರ ಈ ಬೀದಿಯನ್ನೂ ಒಂದೇ ಊರು ಸಾಕುತ್ತಿದೆ.

ಕರ್ನಾಟಕದವರು ನೆರೆಮನೆಯನ್ನು ನೋಡಿ ನಗುವಂತಿಲ್ಲ. ಕೆಪಿಎಸ್‌ಸಿ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆಸಿದ ಪೂರ್ವಭಾವಿಯ ಕನ್ನಡ ಪ್ರಶ್ನೆಗಳು ಭಾಷಾಂತರದ ತಪ್ಪುಗಳಿಂದ ತುಂಬಿದ್ದವು. ಇಂಗ್ಲಿಷ್ ನೋಡದೆ ಕನ್ನಡದಲ್ಲಷ್ಟೇ ಓದಿದವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮುಖ್ಯಮಂತ್ರಿ ಮರುಪರೀಕ್ಷೆ ಘೋಷಿಸಿದರು. ಡಿಸೆಂಬರ್ 29ರಂದು ಅದು ನಡೆಯಿತು, ಮತ್ತೆ ಅದೇ ದೂರು. ಗ್ರಾಮೀಣ ಅಭ್ಯರ್ಥಿ ವರ್ಷಗಟ್ಟಲೆ ಓದಿದ ಪ್ರಚಲಿತ ವಿದ್ಯಮಾನ ಕೆಟ್ಟ ಕನ್ನಡದ ಒಂದು ವಾಕ್ಯಕ್ಕೆ ಸಿಕ್ಕಿ ಸತ್ತುಹೋಗುವುದು ಆಡಳಿತದ ಸಣ್ಣ ಲೋಪವಲ್ಲ, ಅನ್ಯಾಯ.

ಕೇಂದ್ರದ ಪರೀಕ್ಷೆಯಲ್ಲಿ ಪೂರ್ವಭಾವಿ ಪತ್ರಿಕೆ ಈಗಲೂ ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಳ್ಳಬಹುದು. ಕೋಲಾರದ ಕೆ.ಆರ್. ನಂದಿನಿ 2016ರ ಪರೀಕ್ಷೆಯಲ್ಲಿ ದೇಶಕ್ಕೆ ಮೊದಲಿಗರಾದಾಗ ಅವರ ಐಚ್ಛಿಕ ವಿಷಯ ಕನ್ನಡ ಸಾಹಿತ್ಯ. ಮರುವರ್ಷ ಮೊದಲ ಸ್ಥಾನ ತೆಲಂಗಾಣದ ಮೆಟ್‌ಪಲ್ಲಿಯ ಅನುದೀಪ್ ದುರಿಶೆಟ್ಟಿ ಅವರದು, ಐದನೇ ಪ್ರಯತ್ನದಲ್ಲಿ. ಕೇಂದ್ರ ಸಿಬ್ಬಂದಿ ಆಯ್ಕೆ ಆಯೋಗ 2023ರಿಂದ ತನ್ನ ಕೆಲವು ಪರೀಕ್ಷೆಗಳನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುತ್ತಿದೆ. ಅಂದರೆ ಆಗದ ಕೆಲಸವೇನಲ್ಲ.

ಓದುವವರಿಗೆ ಹೇಳುವುದು ಇಷ್ಟು: ತಿಂಗಳ ಪುಸ್ತಿಕೆ ಇಟ್ಟುಕೊಳ್ಳಿ, ಆದರೆ ವಾರಕ್ಕೆ ಒಂದು ಸುದ್ದಿಯನ್ನಾದರೂ ಅದರ ಹಿಂದಿನ ನೂರು ವರ್ಷದ ಜತೆ ಓದಿ. ಪರೀಕ್ಷೆ ನಡೆಸುವವರಿಗೆ ಹೇಳಬೇಕಾದದ್ದು ಇನ್ನೂ ಸರಳ. ಕರ್ನಾಟಕದ ಲೋಕಸೇವಾ ಆಯೋಗ ತನ್ನ ಪ್ರಶ್ನೆಗಳನ್ನು ಮೊದಲು ಕನ್ನಡದಲ್ಲಿ ಬರೆಸಲಿ, ಬೇಕಿದ್ದರೆ ಆಮೇಲೆ ಇಂಗ್ಲಿಷಿಗೆ ಅನುವಾದಿಸಲಿ. ಹಾಗೆ ಬರೆಯಬಲ್ಲ ಅಧ್ಯಾಪಕರು ಕಲಬುರಗಿಯಿಂದ ಮೈಸೂರಿನವರೆಗೆ ಪ್ರತಿಯೊಂದು ವಿಶ್ವವಿದ್ಯಾಲಯದಲ್ಲೂ ಇದ್ದಾರೆ.