ಆಟಗಾರರಿಗೆ ಅಂಕ ಕೊಡುವ ಬಗೆ

ಮೂರು ದಶಕಗಳಿಗೂ ಮೀರಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ಹೇಳಿದ ಪಾಠ ಎಷ್ಟು ಫಲಿಸಿತೋ ತಿಳಿಯದು. ಅಂಕ ಕೊಡುವ ಕೆಲಸವನ್ನು ಮಾತ್ರ ಚೆನ್ನಾಗಿ ಬಲ್ಲೆನೆಂಬ ನಂಬಿಕೆ ನನಗಿತ್ತು. ಉತ್ತರ ಪತ್ರಿಕೆಯ ಮೊದಲ ಪುಟ ತಿರುವುವಷ್ಟರಲ್ಲಿ ವಿದ್ಯಾರ್ಥಿಯ ಯೋಗ್ಯತೆ ಇಷ್ಟೇ ಎಂದು ಮನಸ್ಸು ತೀರ್ಮಾನಿಸಿಬಿಡುತ್ತಿತ್ತು. ಕಳೆದ ದಸರಾ ರಜೆಯಲ್ಲಿ ಮಾಚೇನಹಳ್ಳಿಯ ಒಂದು ಬಯಲಿನಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು. ಆ ಪ್ರಸಂಗವನ್ನು ತಮ್ಮ ಮುಂದೆ ನಿವೇದಿಸಿಕೊಳ್ಳಬೇಕೆಂದು ನನ್ನ ಆಸೆ.

ಮಾಚೇನಹಳ್ಳಿ ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಹೆದ್ದಾರಿಯ ಮೇಲಿರುವ ಊರು. ಹಾಲಿನ ಡೈರಿ, ಕೈಗಾರಿಕಾ ವಸಾಹತು, ಮೀಸಲು ಪೊಲೀಸ್ ಪಡೆ, ಇವುಗಳಿಂದಲೇ ಅದರ ಹೆಸರು ಬಲ್ಲವರು ಹೆಚ್ಚು. ನನ್ನ ತಮ್ಮನ ಮನೆ ಅಲ್ಲಿದೆ. ಅವನ ಮಗಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ರಜೆಗೆ ಬರುವಾಗ ಜೋಗ ತೋರಿಸುತ್ತೇನೆಂದು ಹದಿಮೂರು ಮಂದಿ ಸಹಪಾಠಿಗಳನ್ನೂ ಕರೆತಂದಿದ್ದಳು. ಹುಡುಗರೂ ಇದ್ದರು, ಹುಡುಗಿಯರೂ ಇದ್ದರು. ಜೋಗ ನೋಡಿ ಬಂದ ಮಾರನೆಯ ಸಂಜೆ ಅವರೆಲ್ಲ ಬಯಲಿಗೆ ಹೊರಟರು. ಕೈಯಲ್ಲಿ ಚೆಂಡಿಲ್ಲ, ದಾಂಡಿಲ್ಲ. ಊಟದ ತಟ್ಟೆಯಂಥ ಒಂದು ಪ್ಲಾಸ್ಟಿಕ್ ಬಿಲ್ಲೆ. ಆಟದ ಹೆಸರು ಅಲ್ಟಿಮೇಟ್ ಫ್ರಿಸ್ಬಿ. "ದೊಡ್ಡಪ್ಪ, ನೀವು ಬನ್ನಿ. ಯಾರು ಚೆನ್ನಾಗಿ ಆಡುತ್ತಾರೋ ನೋಡಿ ಮಾರ್ಕ್ಸ್ ಕೊಡಿ" ಎಂದಳು ಮಗಳು. ಕಾಗದ, ಪೆನ್ನು ಹಿಡಿದು ನಾನೂ ಹೊರಟೆ.

ಆಟದ ನಿಯಮ ಸರಳ. ಪಕ್ಷಕ್ಕೆ ಏಳು ಜನ. ಅಂಕಣದ ಉದ್ದ 100 ಮೀಟರು, ಅಗಲ 37 ಮೀಟರು. ಎರಡು ತುದಿಗಳಲ್ಲಿಯೂ 18 ಮೀಟರಿನ ಒಂದೊಂದು ಗೆಲುವಿನ ವಲಯ. ಎದುರಾಳಿಯ ತುದಿಯ ವಲಯದಲ್ಲಿ ತಮ್ಮವರು ಎಸೆದ ತಟ್ಟೆಯನ್ನು ಹಿಡಿದರೆ ಒಂದು ಪಾಯಿಂಟು. ಆದರೆ ತಟ್ಟೆ ಹಿಡಿದವನು ಓಡುವಂತಿಲ್ಲ. ಒಂದು ಕಾಲನ್ನು ಊರಿ ನಿಂತು, ಎದುರು ನಿಂತ ಪ್ರತಿಪಕ್ಷದವನು ಹತ್ತು ಎಣಿಸುವುದರೊಳಗೆ ಇನ್ನೊಬ್ಬರಿಗೆ ಎಸೆಯಬೇಕು. ತಟ್ಟೆ ನೆಲಕ್ಕೆ ಬಿದ್ದರೆ ಅದು ಎದುರು ಪಕ್ಷದ ಪಾಲು. ಈ ಆಟವನ್ನು 1968ರಲ್ಲಿ ರೂಪಿಸಿದವರು ಅಮೆರಿಕದ ನ್ಯೂಜೆರ್ಸಿಯ ಒಂದು ಹೈಸ್ಕೂಲಿನ ವಿದ್ಯಾರ್ಥಿಗಳು. 1972ರ ನವೆಂಬರಿನಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯಗಳ ನಡುವೆ ಮೊದಲ ಅಂತರ ಕಾಲೇಜು ಪಂದ್ಯ ನಡೆಯಿತು. ಈಗ ಬೆಂಗಳೂರು, ಚೆನ್ನೈಗಳಲ್ಲಿಯೂ ಇದನ್ನು ಆಡುವ ತರುಣರಿದ್ದಾರೆ.

ನಾನು ಬದುವಿನ ಮೇಲೆ ಕುಳಿತು ಲೆಕ್ಕ ಬರೆದೆ: ಎಸೆದದ್ದೆಷ್ಟು, ಹಿಡಿದದ್ದೆಷ್ಟು, ಬೀಳಿಸಿದ್ದೆಷ್ಟು. ಒಬ್ಬ ಎತ್ತರದ ಹುಡುಗನಿದ್ದ. ಅವನು ತಟ್ಟೆ ಬೀಸಿದರೆ ಅದು ಗರುಡನಂತೆ ತೇಲಿ ಅಂಕಣದ ಆ ತುದಿಗೆ ಇಳಿಯುತ್ತಿತ್ತು. ಮೊದಲ ಸ್ಥಾನ ಅವನಿಗೇ ಎಂದು ತೀರ್ಪು ಕೊಟ್ಟೆ. ಮಕ್ಕಳು ಮುಖ ಮುಖ ನೋಡಿಕೊಂಡು ನಕ್ಕರು. ಅವರೆಲ್ಲ ಒಕ್ಕೊರಲಿನಿಂದ ಹೇಳಿದ ಹೆಸರು ಬೇರೆ: ಕನ್ನಡಕ ಹಾಕಿಕೊಂಡ, ಗಿಡ್ಡನೆಯ ಒಬ್ಬ ಹುಡುಗಿ. ನನ್ನ ಪಟ್ಟಿಯಲ್ಲಿ ಅವಳ ಮುಂದೆ ನಾಲ್ಕೇ ಗೀಟುಗಳಿದ್ದವು. ನನ್ನ ಗೊಂದಲವನ್ನು ಕಂಡು ತಮ್ಮನ ಮಗಳು, "ದೊಡ್ಡಪ್ಪ, ನೀವು ತಟ್ಟೆಯನ್ನೇ ನೋಡುತ್ತಾ ಕೂತಿದ್ದಿರಿ" ಎಂದಳು.

ಎರಡನೆಯ ಆಟದಲ್ಲಿ ತಟ್ಟೆಯನ್ನು ಬಿಟ್ಟು ಆ ಹುಡುಗಿಯನ್ನು ನೋಡಿದೆ. ಆಗ ಬೇರೆಯೇ ಒಂದು ಆಟ ಕಣ್ಣಿಗೆ ಬಿತ್ತು. ಅವಳು ಬಲಕ್ಕೆ ನಾಲ್ಕು ಹೆಜ್ಜೆ ಓಡುವಳು. ಕಾವಲಿನವನು ಬೆನ್ನು ಹತ್ತುವನು. ಅವನು ತೆರವು ಮಾಡಿದ ಜಾಗಕ್ಕೆ ಇನ್ನೊಬ್ಬ ಗೆಳತಿ ನುಗ್ಗುವಳು. ತಟ್ಟೆ ಅಲ್ಲಿಗೆ ಬರುವುದು. ಗೀಟು ಹಿಡಿದವಳಿಗೆ, ಜಾಗ ಮಾಡಿಕೊಟ್ಟವಳಿಗೆ ಸೊನ್ನೆ. ಎತ್ತರದ ಹುಡುಗನ ವೈಭವದ ಎಸೆತಕ್ಕೆ ಮುನ್ನ ಆ ವೈಭವಕ್ಕೆ ದಾರಿ ಬಿಡಿಸಿದವರು ಯಾರೆಂಬುದು ನನ್ನ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಗಾಳಿಗೆ ಎದುರಾಗಿ ಕೆಳಮಟ್ಟದಲ್ಲಿ ಎಸೆಯುವುದು, ಎಡಬಲ ಎರಡೂ ಕಡೆಯಿಂದ ತಟ್ಟೆ ಬಿಡಬಲ್ಲ ಮಣಿಕಟ್ಟು, ಎಣಿಕೆ ಎಂಟಕ್ಕೆ ಬಂದರೂ ಕೆಡದ ಸಮಾಧಾನ, ಇವು ಹೇಗೋ ನೋಟಕ್ಕೆ ಸಿಕ್ಕಾವು. ಬರಿಗೈಯಲ್ಲಿದ್ದಾಗ ಆಟಗಾರ ಏನು ಮಾಡುತ್ತಾನೆಂಬುದನ್ನು ನೋಡಲು ಬೇರೆ ಕಣ್ಣೇ ಬೇಕು. ಹದಿನಾಲ್ಕು ಜನರ ಆಟದಲ್ಲಿ ಒಂದು ಕ್ಷಣಕ್ಕೆ ಹದಿಮೂರು ಮಂದಿ ಬರಿಗೈಯವರೇ ಅಲ್ಲವೆ?

ಕನ್ನಡ ಮೇಷ್ಟರಿಗೆ ಇಂಥ ಹೊತ್ತಿನಲ್ಲಿ ಮಹಾಭಾರತ ನೆನಪಾಗದೆ ಇರದು. ದ್ರೋಣರು ಮರದ ಮೇಲೆ ಹಕ್ಕಿಯನ್ನಿಟ್ಟು ಶಿಷ್ಯರನ್ನು ಪರೀಕ್ಷಿಸಿದರು. ಮರ ಕಾಣುತ್ತದೆ, ಕೊಂಬೆ ಕಾಣುತ್ತದೆ, ಅಣ್ಣತಮ್ಮಂದಿರು ಕಾಣುತ್ತಾರೆ ಎಂದವರು ನಪಾಸಾದರು. ಹಕ್ಕಿಯನ್ನಲ್ಲದೆ ಮತ್ತೇನನ್ನೂ ಕಾಣದ ಅರ್ಜುನ ಗೆದ್ದ. ಬಿಲ್ವಿದ್ಯೆಗೆ ಅದೇ ಸರಿ. ಆದರೆ ಮಾಚೇನಹಳ್ಳಿಯ ಬಯಲಿನಲ್ಲಿ ಅರ್ಜುನ ನಪಾಸಾಗುತ್ತಿದ್ದ! ಇಲ್ಲಿ ಮರ, ಕೊಂಬೆ, ಅಣ್ಣತಮ್ಮಂದಿರು ಎಲ್ಲರೂ ಒಟ್ಟಿಗೆ ಕಾಣುವವನೇ ನಿಪುಣ. ಯಾವ ವಿದ್ಯೆಗೆ ಯಾವ ಪರೀಕ್ಷೆ ಎಂಬುದನ್ನು ಅರಿಯದ ಪರೀಕ್ಷಕ ಎಷ್ಟು ನಿಷ್ಪಕ್ಷಪಾತಿಯಾದರೂ ಅನ್ಯಾಯವನ್ನೇ ಮಾಡುತ್ತಾನೆ.

ಅಂಥ ಒಂದು ಅನ್ಯಾಯವನ್ನು ನಾನೇ ಮಾಡಿದ್ದೇನೆ. ಬಹಳ ವರ್ಷಗಳ ಹಿಂದೆ ನಾನಿದ್ದ ಕಾಲೇಜಿನಲ್ಲಿ ಖೋ ಖೋ ತಂಡದ ಆಯ್ಕೆ ಸಮಿತಿಗೆ ನನ್ನನ್ನೂ ಸೇರಿಸಿದ್ದರು. ಖೋ ಖೋ ಆಟದಲ್ಲಿ ಅಟ್ಟಿಸಿಕೊಂಡು ಹೋಗುವವನು ತಿರುಗುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ತಕ್ಕ ಗಳಿಗೆಯಲ್ಲಿ ಕುಳಿತ ಸಂಗಡಿಗನ ಬೆನ್ನು ತಟ್ಟಿ 'ಖೋ' ಎಂದು ತನ್ನ ಓಟವನ್ನು ಅವನಿಗೆ ಒಪ್ಪಿಸಬೇಕು. ಒಬ್ಬ ಬಡಕಲು ಹುಡುಗ ಆ ಗಳಿಗೆಯನ್ನು ಬಲ್ಲವನಾಗಿದ್ದ. ಅವನು ಖೋ ಕೊಟ್ಟರೆ ಎದ್ದವನ ಕೈಗೆ ಎದುರಾಳಿ ಸಿಕ್ಕಿದನೆಂದೇ ಲೆಕ್ಕ. ಆದರೆ ಔಟು ಮಾಡಿದವರ ಪಟ್ಟಿಯಲ್ಲಿ ಅವನ ಹೆಸರು ಕೊನೆಯಲ್ಲಿತ್ತು. ನಾವು ಪಟ್ಟಿ ನೋಡಿದೆವು, ಅವನನ್ನು ಕೈಬಿಟ್ಟೆವು. ನಾನು ಸಹಿ ಹಾಕಿದೆ. ತಂಡ ಮೊದಲ ಸುತ್ತಿನಲ್ಲಿಯೇ ಸೋತು ಬಂತು. ಮರುವರ್ಷ ಹೆಸರು ಕೊಡೆಂದು ಹೇಳಿಕಳಿಸಿದೆ. ಅವನು ಬರಲಿಲ್ಲ. ಅವನು ತರಗತಿಯಲ್ಲಿ ನನ್ನೆದುರಿಗೇ ಕುಳಿತು ಪಾಠ ಕೇಳುತ್ತಿದ್ದ; ಆಟದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬೇಕಾಗಿತ್ತೆಂದು ಈಗ ಅನ್ನಿಸುತ್ತದೆ.

ಫ್ರಿಸ್ಬಿಯಲ್ಲಿ ಇನ್ನೊಂದು ವಿಶೇಷವುಂಟು. ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿಯೂ ಆಟಗಾರರೇ ತೀರ್ಪುಗಾರರು. ತಪ್ಪಾಯಿತೆಂದು ಆಟಗಾರ ಹೇಳಬೇಕು, ಎದುರಾಳಿ ಒಪ್ಪಬೇಕು. ಒಪ್ಪದಿದ್ದರೆ ಸಾಮಾನ್ಯವಾಗಿ ತಟ್ಟೆ ಎಸೆದವನಿಗೆ ಹಿಂತಿರುಗುತ್ತದೆ. ಪಂದ್ಯ ಮುಗಿದ ಮೇಲೆ ಎದುರು ತಂಡದ ನಡತೆಗೆ ಅಂಕ ಕೊಡುವ ಕ್ರಮವೂ ಇದೆ: ನಿಯಮಜ್ಞಾನ, ಮೈತಾಗಿಸದ ಎಚ್ಚರ, ನ್ಯಾಯಬುದ್ಧಿ, ಆತ್ಮಸಂಯಮ, ಸಂವಾದ, ಒಂದೊಂದಕ್ಕೆ 4ರಂತೆ ಒಟ್ಟು 20. ಅಮೆರಿಕದ ಕಾಲೇಜು ಆಟಗಾರರಲ್ಲಿ ಶ್ರೇಷ್ಠರೆನಿಸಿದವರಿಗೆ 1996ರಿಂದ ಕೊಡುತ್ತಿರುವ ಕ್ಯಾಲಹನ್ ಪ್ರಶಸ್ತಿಯನ್ನು ನಿರ್ಧರಿಸುವುದೂ ಆಟಗಾರರ ಮತವೇ. ಕೌಶಲದ ಜೊತೆಗೆ ನಾಯಕತ್ವ, ಕ್ರೀಡಾಧರ್ಮಗಳೂ ಅಲ್ಲಿ ತೂಕಕ್ಕೆ ಬರುತ್ತವೆ. ಬದುವಿನ ಮೇಲೆ ಕುಳಿತವನಿಗಿಂತ ಎದುರು ನಿಂತು ಬೆವರಿದವನು ಹೆಚ್ಚು ಬಲ್ಲನೆಂಬ ವಿವೇಕ ಇದರಲ್ಲಿದೆ.

ಇದು ನಮಗೆ ಹೊಸ ಪಾಠವೇನೂ ಅಲ್ಲ. ಮಾಚೇನಹಳ್ಳಿಯ ನೆರೆಯ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಅವರನ್ನು ನೆನೆಯಿರಿ. 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಅವರು ಗಳಿಸಿದ್ದು ಸೊನ್ನೆ. ಮೊದಲ ಪುಟ ನೋಡಿ ಅಂಕ ಹಾಕುವ ನನ್ನಂಥವನು ಅಲ್ಲಿಗೇ ಕೆಂಪು ಗೆರೆ ಎಳೆಯುತ್ತಿದ್ದ. ಎರಡನೆಯ ಸರದಿಯಲ್ಲಿ ಅವರು 137 ಹೊಡೆದರು. 1980ರ ಫೆಬ್ರವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಅವರೇ ನಾಯಕರು. ಇಂಗ್ಲೆಂಡು 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿತ್ತು. ಅನಂತರ ಬೋಥಮ್ ಜೊತೆಗೂಡಿ ಆಡುತ್ತಿದ್ದ ಬಾಬ್ ಟೇಲರ್ ಔಟೆಂದು ಅಂಪೈರು ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ತಿಳಿದ ವಿಶ್ವನಾಥ್ ಅಂಪೈರಿಗೆ ಹೇಳಿ ಟೇಲರರನ್ನು ಮರಳಿ ಆಡಿಸಿದರು. ಆ ಜೊತೆಯಾಟ 171 ರನ್ನಿಗೆ ಬೆಳೆಯಿತು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಅಂಕಪಟ್ಟಿಯಲ್ಲಿ ಅದು ಸೋಲು. ಆದರೂ ಆ ಪಂದ್ಯದ ಮಾತು ಬಂದಾಗಲೆಲ್ಲ ಆ ಕರೆಯ ಮಾತೂ ಬರುತ್ತದೆ.

ಆಯ್ಕೆ ಸಮಿತಿಗಳಲ್ಲಿ ಕೂರುವ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿನಂತಿ. ಲೆಕ್ಕದ ಪಟ್ಟಿ ಬೇಡವೆನ್ನುವುದಿಲ್ಲ. ಅದಿಲ್ಲದೆ ಹೋದರೆ ಶಿಫಾರಸು ಒಳನುಗ್ಗೀತು. ಆದರೆ ಒಂದು ಆಟವನ್ನಾದರೂ ಚೆಂಡನ್ನು ಮರೆತು ನೋಡಿ. ಯಾರಿದ್ದರೆ ಉಳಿದವರ ಆಟ ಕಳೆಗಟ್ಟುತ್ತದೆ ಎಂದು ಜೊತೆಯವರನ್ನು ಕೇಳಿ, ಎದುರಾಳಿಗಳನ್ನೂ ಕೇಳಿ.

ಆ ಸಂಜೆಯ ಕೊನೆಯ ಆಟದಲ್ಲಿ ಎತ್ತರದ ಹುಡುಗ ಗೆಲುವಿನ ವಲಯದಲ್ಲಿ ಮಲಗಿಬಿದ್ದು ತಟ್ಟೆ ಹಿಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಗೀಟು ಎಳೆದೆ. ಅವನು ಎದ್ದು ಮಣ್ಣು ಕೊಡವಿಕೊಂಡು, "ಇಲ್ಲ, ಹಿಡಿಯುವ ಮೊದಲೇ ನೆಲಕ್ಕೆ ತಾಗಿತ್ತು" ಎಂದು ತಟ್ಟೆಯನ್ನು ಎದುರು ಪಕ್ಷಕ್ಕೆ ಕೊಟ್ಟುಬಿಟ್ಟ. ಆ ಗೀಟನ್ನು ಹೊಡೆದುಹಾಕಿದೆ. ಅವನಿಗೆ ಅದರ ಬದಲು ಎಷ್ಟು ಕೊಡಬೇಕೆಂದು ಯೋಚಿಸುತ್ತಿರುವಾಗ ಕತ್ತಲಾಯಿತು. ಮಕ್ಕಳು ಆಟ ನಿಲ್ಲಿಸಿ ಮನೆಯ ಕಡೆ ಹೊರಟರು.